ಫೈರ್ ಪ್ಯಾನೆಲ್ ಬಾಯಿ ಮುಚ್ಚಿಸಿದ್ದು ಸಾಕು: ಸ್ಮೋಕ್ ಡಿಟೆಕ್ಟರ್ ಪರೀಕ್ಷೆ ಈ ಭಾನುವಾರ

ಫ್ಲ್ಯಾಟ್ 304: ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಕರೆಂಟ್ ಹೋದಾಗ ಸೆಕ್ಯುರಿಟಿ ರೂಮಿನ ಫೈರ್ ಪ್ಯಾನೆಲ್ (ಎಲ್ಲ ಮಹಡಿಯ ಸ್ಮೋಕ್ ಡಿಟೆಕ್ಟರ್‌ಗಳೂ ಸೇರುವ ಅಲಾರಂ ಪೆಟ್ಟಿಗೆ) ಕಡೆ ಕಣ್ಣು ಹೋಯಿತು. ಒಂದೂ ದೀಪ ಇಲ್ಲ, ಪೂರ್ತಿ ಸತ್ತಿತ್ತು. ಕರೆಂಟ್ ಬಂದ ಮೇಲೆ ಹಳದಿ ದೀಪ ಹತ್ತಿತು. ಎರಡನೇ ಮತ್ತು ನಾಲ್ಕನೇ ಮಹಡಿಯ ಝೋನ್‌ಗಳನ್ನು, ಅಂದರೆ ಅಲ್ಲಿನ ಡಿಟೆಕ್ಟರ್‌ಗಳ ಗುಂಪನ್ನೇ, ಡಿಸೇಬಲ್ ಮಾಡಿಟ್ಟಿದ್ದಾರೆ. ಆ ಎರಡು ಮಹಡಿಯ ಕಾರಿಡಾರಿನಲ್ಲಿ ಹೊಗೆ ತುಂಬಿದರೂ ಹೂಟರ್ (ಅಲಾರಂ ಸೈರನ್) ಕೂಗುವುದಿಲ್ಲ. ಪ್ಯಾನೆಲ್ ಒಳಗಿನ ಬ್ಯಾಟರಿ ಕೆಲಸ ಮಾಡುತ್ತಿಲ್ಲ, ಆದ್ದರಿಂದ ಕರೆಂಟ್ ಇಲ್ಲದ ಹೊತ್ತಿನಲ್ಲಿ ಯಾವ ಮಹಡಿಗೂ ಅಲಾರಂ ಇಲ್ಲ. ವೈರಿಂಗ್‌ಗೆ ಬೆಂಕಿ ಬಿದ್ದರೆ ಮೊದಲು ಹೋಗುವುದೇ ಕರೆಂಟ್.

ನಮ್ಮ ಮಹಡಿಯಲ್ಲಿ ಲಿಫ್ಟ್ ಎದುರಿನ ಡಿಟೆಕ್ಟರ್‌ಗೆ ಪೇಂಟಿಂಗ್ ಸಮಯದಲ್ಲಿ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇದೆ. ದಯವಿಟ್ಟು ಎಲ್ಲರೂ ಬಾಗಿಲು ತೆಗೆದು ಒಮ್ಮೆ ತಲೆ ಎತ್ತಿ ನೋಡಿ, ಕಂಡದ್ದನ್ನು ಇಲ್ಲಿ ಬರೆಯಿರಿ.

ಫ್ಲ್ಯಾಟ್ 201: ನಮ್ಮಲ್ಲಿ ಎರಡಕ್ಕೆ ಮುಚ್ಚಳ. ಇನ್ನೊಂದಕ್ಕೆ ಗೋಡೆಯ ಬಣ್ಣವನ್ನೇ ಬಳಿದುಬಿಟ್ಟಿದ್ದಾರೆ!

ಫ್ಲ್ಯಾಟ್ 503: ಇಲ್ಲಿ ಸರಿ ಇದೆ. ಸಣ್ಣ ಕೆಂಪು ದೀಪ ಆಗಾಗ ಮಿನುಗುತ್ತೆ.

ಫ್ಲ್ಯಾಟ್ 403: ನಾಲ್ಕನೇ ಮಹಡಿಯದ್ದು ಆಫ್ ಮಾಡಿಸಿದ್ದು ನಾವು, ಬೇಕಂತಲೇ. ನಡುರಾತ್ರಿ ಬಡಿದುಕೊಳ್ಳುತ್ತಿತ್ತು, ಓಡಿ ಬಂದು ನೋಡಿದರೆ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗುವವರು ಎಷ್ಟು ರಾತ್ರಿ ಹೀಗೆ ಏಳಬೇಕು? ರಿಪೇರಿ ಮಾಡಿಸದೆ ಮತ್ತೆ ಆನ್ ಮಾಡಿದರೆ ನಾನೇ ಬಂದು ಆಫ್ ಮಾಡುತ್ತೇನೆ.

ಕಾರ್ಯದರ್ಶಿ: ನಿರ್ವಹಣೆ ಒಪ್ಪಂದ ಮುಗಿದಿದೆ, ನವೀಕರಣ ಆಗಿಲ್ಲ. ಮುಂದಿನ ಸಭೆಯಲ್ಲಿ ವಿಷಯ ಇಡುತ್ತೇವೆ.

ಫ್ಲ್ಯಾಟ್ 304: ಒಪ್ಪಂದಕ್ಕೆ ಸಭೆ ಬೇಕು ಸರ್, ಒಪ್ಪುತ್ತೇನೆ. ಮುಚ್ಚಳ ತೆಗೆಯೋಕೆ ಸಭೆ ಬೇಕಾ?



ಫ್ಲ್ಯಾಟ್ 105: ಫೈರ್ ಅಲಾರಂ ಕೆಲಸದಲ್ಲೇ ಇದ್ದು ನಿವೃತ್ತನಾದವನು ನಾನು, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. 403ರವರ ಸಿಟ್ಟು ನ್ಯಾಯವಾದದ್ದೇ. ಸುಮ್ಮನೆ ಕೂಗುವ ಅಲಾರಂ ಅನ್ನು ಜನ ಇವತ್ತಲ್ಲ ನಾಳೆ ಆಫ್ ಮಾಡಿಯೇ ಮಾಡುತ್ತಾರೆ. ಆದರೆ ಅದು ಸುಮ್ಮನೆ ಕೂಗುವುದಿಲ್ಲ. ನಮ್ಮ ಕಾರಿಡಾರಿನಲ್ಲಿರುವುದು ಫೋಟೋಎಲೆಕ್ಟ್ರಿಕ್ ಡಿಟೆಕ್ಟರ್. ಒಳಗೊಂದು ಕತ್ತಲ ಗೂಡು, ಅದರಲ್ಲಿ ಒಂದು ಕಿರು ಬೆಳಕು, ಆ ಬೆಳಕು ನೇರವಾಗಿ ಬೀಳದ ಕಡೆ ಒಂದು ಸೆನ್ಸರ್. ಹೊಗೆಯ ಕಣ ಒಳಹೊಕ್ಕರೆ ಬೆಳಕು ಚದುರಿ ಸೆನ್ಸರ್ ಮೇಲೆ ಬೀಳುತ್ತದೆ, ಅಲಾರಂ ಆಗುತ್ತದೆ. ಮರದ ಪುಡಿ, ಬಿಸಿನೀರಿನ ಹಬೆ, ಗೂಡು ಹುಡುಕಿ ಬಂದ ಪುಟ್ಟ ಹುಳು, ಇವೂ ಬೆಳಕನ್ನು ಹಾಗೇ ಚದುರಿಸುತ್ತವೆ. 401ರಲ್ಲಿ ಮರಗೆಲಸ ಶುರುವಾದ ಮೇಲೇ ಈ ತೊಂದರೆ ಬಂದದ್ದಲ್ಲವೇ?

ಫ್ಲ್ಯಾಟ್ 403: ಹೂಂ, ಹೆಚ್ಚುಕಡಿಮೆ ಆವಾಗಿಂದಲೇ.

ಫ್ಲ್ಯಾಟ್ 105: ಹಾಗಾದರೆ ಅವರ ಬಾಗಿಲೆದುರಿನದ್ದು ಧೂಳು ಕುಡಿದಿದೆ. ಕೆಲಸ ನಡೆಯುವಾಗ ಮುಚ್ಚಳ ಹಾಕಬೇಕು, ಸಂಜೆ ಕೆಲಸದವರು ಹೊರಟಾಗ ತೆಗೆಯಬೇಕು. ನಮ್ಮಲ್ಲಿ ಮುಚ್ಚಳ ಬೇಕಾದ ಕಡೆ ಇರಲಿಲ್ಲ, ಬೇಡವಾದ ಕಡೆ ಉಳಿದಿದೆ.

ಇನ್ನೊಂದು ವಿಷಯ, ಸೆಕ್ಯುರಿಟಿಯವರಿಗೆ ಯಾರಾದರೂ ಹೇಳಿಕೊಡಲೇಬೇಕು. ಅಲಾರಂ ಆದ ತಕ್ಷಣ ಅವರು ರೀಸೆಟ್ ಒತ್ತುತ್ತಾರೆ. ನಮ್ಮದು ಹಳೇ ಮಾದರಿಯ ಪ್ಯಾನೆಲ್, ಯಾವ ಝೋನ್ ಅಂತ ಮಾತ್ರ ತೋರಿಸುತ್ತದೆ, ಯಾವ ಡಿಟೆಕ್ಟರ್ ಅಂತಲ್ಲ. ಕೂಗಿದ ಡಿಟೆಕ್ಟರಿನ ಕೆಂಪು ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿರುತ್ತದೆ, ರೀಸೆಟ್ ಮಾಡಿದೊಡನೆ ಆ ಗುರುತು ಅಳಿಸಿಹೋಗುತ್ತದೆ. ಮೊದಲು ಆ ಮಹಡಿಗೆ ಹೋಗಿ ನಿಜವಾದ ಬೆಂಕಿಯೇ ಅಂತ ನೋಡಬೇಕು. ಬೆಂಕಿ ಅಲ್ಲ ಅಂತ ಖಾತ್ರಿಯಾದ ಮೇಲೆ ಸೈಲೆನ್ಸ್ ಒತ್ತಿ ಹೂಟರ್ ನಿಲ್ಲಿಸಬೇಕು. ನಂತರ ದೀಪ ಉರಿಯುತ್ತಿರುವುದು ಯಾವುದು ಅಂತ ಬರೆದುಕೊಂಡು, ಕೊನೆಗೆ ರೀಸೆಟ್. ಇಷ್ಟು ಮಾಡಿದ್ದರೆ ಕಾಟ ಕೊಡುತ್ತಿದ್ದ ಒಂದೇ ಒಂದು ಡಿಟೆಕ್ಟರ್ ಮೊದಲ ದಿನವೇ ಸಿಕ್ಕುತ್ತಿತ್ತು, ಇಡೀ ಮಹಡಿಯನ್ನು ಆಫ್ ಮಾಡುವ ಪ್ರಮೇಯವೇ ಬರುತ್ತಿರಲಿಲ್ಲ.

ಫ್ಲ್ಯಾಟ್ 201: ಸರ್, ಬಣ್ಣ ಬಳಿದದ್ದನ್ನು ಕೆರೆದು ತೆಗೆಯಲಾ? ಹಾಗೇ ಬ್ಯಾಟರಿಯನ್ನೂ ಬದಲಿಸಿಬಿಡುತ್ತೇನೆ.

ಫ್ಲ್ಯಾಟ್ 105: ಬೇಡಮ್ಮ. ಬಣ್ಣ ಹೊಗೆ ಒಳಹೋಗುವ ಸಂದಿಗಳನ್ನೇ ಮುಚ್ಚಿರುತ್ತದೆ, ಅದನ್ನು ಬದಲಾಯಿಸುವುದೇ ದಾರಿ. ಕಾರಿಡಾರಿನ ಡಿಟೆಕ್ಟರ್‌ಗಳಲ್ಲಿ ಬ್ಯಾಟರಿ ಇರುವುದಿಲ್ಲ, ಅವಕ್ಕೆ ಪ್ಯಾನೆಲ್ಲಿನಿಂದಲೇ ವಿದ್ಯುತ್. ನೀವಾಗಿ ಬಿಚ್ಚಲೂಬೇಡಿ. ಒಂದೇ ತಂತಿಯಲ್ಲಿ ಸಾಲಾಗಿ ಪೋಣಿಸಿರುವುದರಿಂದ ಒಂದನ್ನು ತೆಗೆದರೆ ಅದರಾಚೆಯವೂ ಕೈಕೊಡಬಹುದು. ಬ್ಯಾಟರಿ ಇರುವುದು ಮನೆಯೊಳಗೆ ಬಿಡಿಯಾಗಿ ಹಾಕಿಕೊಳ್ಳುವ ಡಿಟೆಕ್ಟರ್‌ಗಳಲ್ಲಿ.

ಫ್ಲ್ಯಾಟ್ 303: ಅಂಕಲ್, ಅಂಥದ್ದೇ ಒಂದು ನಮ್ಮ ಮನೇಲಿ ಬೆಳಗಿನ ಜಾವ ಕೀಚ್ ಕೀಚ್ ಅನ್ನುತ್ತೆ. ಹಗಲು ಸುಮ್ಮನಿರುತ್ತೆ. ದೆವ್ವ ಹಿಡಿದಿದೆಯಾ?

ಫ್ಲ್ಯಾಟ್ 105: ಬ್ಯಾಟರಿ ಮುಗಿಯುತ್ತಿದೆ. ನಸುಕಿನಲ್ಲಿ ತಂಪಾದಾಗ ಹಳೇ ಬ್ಯಾಟರಿಯ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ, ಹಾಗಾಗಿ ಆ ಹೊತ್ತಿಗೇ ಕೀಚಲು. ಬ್ಯಾಟರಿ ಬದಲಿಸಿ, ಹಾಗೇ ಅದರ ಬೆನ್ನಿನ ಮೇಲೆ ತಯಾರಾದ ದಿನಾಂಕ ನೋಡಿ. 10 ವರ್ಷ ದಾಟಿದ್ದರೆ ಬ್ಯಾಟರಿಗೆ ಖರ್ಚು ಮಾಡಬೇಡಿ, ಡಿಟೆಕ್ಟರನ್ನೇ ಬದಲಿಸಿ.

ಫ್ಲ್ಯಾಟ್ 302: ಇದರೊಳಗೆ ವಿಕಿರಣ ಪದಾರ್ಥ ಇರುತ್ತೆ, ಮಲಗುವ ಕೋಣೆಯಲ್ಲಿ ಹಾಕಬಾರದು ಅಂತ ಒಂದು ಮೆಸೇಜ್ ಬಂದಿತ್ತಲ್ಲ?

ಫ್ಲ್ಯಾಟ್ 105: ಇರುವುದು ಅಯೊನೈಸೇಷನ್ ಅನ್ನುವ ಇನ್ನೊಂದು ಬಗೆಯಲ್ಲಿ. ಅದರಲ್ಲಿ ಅಮೆರಿಷಿಯಂ-241 ಅತ್ಯಲ್ಪ ಪ್ರಮಾಣದಲ್ಲಿ, ಸೀಲ್ ಆಗಿ ಇರುತ್ತದೆ. ಅದರಿಂದ ಮುಖ್ಯವಾಗಿ ಹೊರಡುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೇ ತಡೆಯುತ್ತದೆ. ಬಿಚ್ಚಿ ಕೆದಕಬಾರದು, ಕಸಕ್ಕೆ ಎಸೆಯಬಾರದು, ಅಷ್ಟೆ. ಅಂಥದ್ದು ಜ್ವಾಲೆಯೆದ್ದು ಉರಿಯುವ ಬೆಂಕಿಯನ್ನು ಬೇಗ ಹಿಡಿಯುತ್ತದೆ. ಹಾಸಿಗೆ, ಸೋಫಾ ಒಳಗೊಳಗೇ ಬೂದಿ ಮುಚ್ಚಿದ ಕೆಂಡದಂತೆ ಸುಟ್ಟು ಹೊಗೆ ಕಾರುವುದನ್ನು ಫೋಟೋಎಲೆಕ್ಟ್ರಿಕ್ ಮೊದಲು ಹಿಡಿಯುತ್ತದೆ. ಮಲಗುವ ಕೋಣೆಗೆ ನಾನಂತೂ ಫೋಟೋಎಲೆಕ್ಟ್ರಿಕ್ ಅನ್ನೇ ಹೇಳುತ್ತೇನೆ. ನಿದ್ದೆಯಲ್ಲಿ ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಅಂತ ನಂಬಿ ಕೂರಬೇಡಿ, ಆಗುವುದಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ನಿದ್ದೆಯನ್ನು ಇನ್ನೂ ಗಾಢ ಮಾಡುತ್ತದೆ.

ಫ್ಲ್ಯಾಟ್ 203: ಮನೆಯೊಳಗೆ ಎಲ್ಲೆಲ್ಲಿ ಹಾಕಬೇಕು ಸರ್? ಅಡುಗೆಮನೆಗೂ ಬೇಕಲ್ವಾ?

ಫ್ಲ್ಯಾಟ್ 105: ಅಡುಗೆಮನೆಗೆ ಸ್ಮೋಕ್ ಡಿಟೆಕ್ಟರ್ ಬೇಡ, ದಿನಾ ಕೂಗುತ್ತದೆ, ನೀವು ಕಿತ್ತೆಸೆಯುತ್ತೀರಿ. ಅಲ್ಲಿಗೆ ಶಾಖಕ್ಕೆ ಮಾತ್ರ ಸ್ಪಂದಿಸುವ ಹೀಟ್ ಡಿಟೆಕ್ಟರ್. ಬೇಸ್‌ಮೆಂಟಿನ ಪಾರ್ಕಿಂಗ್‌ಗೂ ಅದೇ ಸರಿ, ಗಾಡಿ ಹೊಗೆಗೆ ಮೋಸ ಹೋಗುವುದಿಲ್ಲ. ಸ್ಮೋಕ್ ಡಿಟೆಕ್ಟರ್ ಪ್ರತಿ ಮಲಗುವ ಕೋಣೆಗೆ ಒಂದು, ಕೋಣೆಗಳ ಹೊರಗಿನ ಓಡಾಟದ ಜಾಗಕ್ಕೆ ಒಂದು. ಜಾಗ ಚಾವಣಿ. ಗೋಡೆ ಮತ್ತು ಚಾವಣಿ ಸೇರುವ ಮೂಲೆಯಿಂದ 10 ಸೆಂಟಿಮೀಟರ್ ಆದರೂ ಈಚೆಗೆ ಬರಲಿ, ಮೂಲೆಯಲ್ಲಿ ಗಾಳಿ ನಿಂತಿರುತ್ತದೆ, ಹೊಗೆ ತಡವಾಗಿ ಮುಟ್ಟುತ್ತದೆ. ಒಲೆಯಿಂದ 3 ಮೀಟರ್ ದೂರ. ಸ್ನಾನದ ಮನೆಯ ಬಾಗಿಲು, ಏಸಿ ಗಾಳಿ, ಫ್ಯಾನಿನ ರೆಕ್ಕೆಯ ತುದಿ, ಇವುಗಳಿಂದ ಸುಮಾರು 90 ಸೆಂಟಿಮೀಟರ್. ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಪರಸ್ಪರ ಜೋಡಿಸುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹಾಲ್‌ನಲ್ಲಿ ಕೂಗಿದ್ದು ಬಾಗಿಲು ಹಾಕಿಕೊಂಡು ಮಲಗಿದವರಿಗೆ ಕೇಳುವುದು ಕಷ್ಟ.

ಫ್ಲ್ಯಾಟ್ 404: ನಮ್ಮ ಅಮ್ಮನಿಗೆ ಕಿವಿ ಸರಿಯಾಗಿ ಕೇಳಿಸಲ್ಲ, ಮಲಗುವಾಗ ಹಿಯರಿಂಗ್ ಏಡ್ ತೆಗೆದಿಡುತ್ತಾರೆ. ನಾನು ರಾತ್ರಿ ಪಾಳಿಯಲ್ಲಿದ್ದಾಗ ಅವರೊಬ್ಬರೇ. ಏನು ಮಾಡಲಿ?

ಫ್ಲ್ಯಾಟ್ 105: ಸಾಮಾನ್ಯ ಡಿಟೆಕ್ಟರಿನ ಸದ್ದು 3000 ಹರ್ಟ್ಜ್ ಸುಮಾರಿನದ್ದು, ಕೀರಲು ದನಿ. ವಯಸ್ಸಾದಾಗ ಮೊದಲು ಕೈಬಿಡುವುದೇ ಅಂಥ ಸದ್ದು. 520 ಹರ್ಟ್ಜ್‌ನ ತಗ್ಗು ದನಿಯ ಅಲಾರಂ ಇದೆ, ದಿಂಬಿನಡಿ ಇಟ್ಟರೆ ಅದುರಿ ಎಬ್ಬಿಸುವ ಸಾಧನವೂ ಇದೆ. ಅಮ್ಮನಿಗೆ ಎರಡನೆಯದು ಹೆಚ್ಚು ಖಚಿತ. ಚಿಕ್ಕ ಮಕ್ಕಳೂ ಕೀರಲು ಸದ್ದಿಗೆ ಏಳದೆ ಮಲಗಿರುವುದು ಉಂಟು, ಪರೀಕ್ಷೆಗಳಲ್ಲಿ ಕಂಡ ವಿಷಯ.

ಫ್ಲ್ಯಾಟ್ 403: ಅದು ನಿಜ. ಅಷ್ಟು ಸಲ ಕೂಗಿದಾಗಲೂ ನಾವೆಲ್ಲ ಎದ್ದಿದ್ದೆವು, ನಮ್ಮ ಮಗ ಒಮ್ಮೆಯೂ ಎದ್ದಿರಲಿಲ್ಲ. ಸದ್ಯ, ಅವನ ನಿದ್ದೆಯಾದರೂ ಕೆಡಲಿಲ್ಲ ಅಂತ ಅಂದುಕೊಂಡಿದ್ದೆವು.

404ರ ಮೇಡಂ, ನಮ್ಮ ಹತ್ತಿರ ನಿಮ್ಮ ಮನೆಯ ಒಂದು ಕೀಲಿ ಇರಲಿ. ಅಲಾರಂ ಆದರೆ ಕಾರಿಡಾರಿನಲ್ಲಿ ಓಡಾಡುವ ಸ್ಥಿತಿ ಇರುವ ತನಕ ಅಮ್ಮನನ್ನು ಕರೆದುಕೊಂಡೇ ಮೆಟ್ಟಿಲು ಇಳಿಯುತ್ತೇವೆ. ಝೋನ್ ಆನ್ ಮಾಡಿ, ನನ್ನ ಅಭ್ಯಂತರ ಇಲ್ಲ. ಮೊದಲು 401ರ ಎದುರಿನದ್ದು ಸ್ವಚ್ಛ ಆಗಲಿ.

ಫ್ಲ್ಯಾಟ್ 404: ತುಂಬಾ ಉಪಕಾರವಾಯಿತು. ಸಂಜೆ ಕೀಲಿ ತಂದುಕೊಡುತ್ತೇನೆ.

ಫ್ಲ್ಯಾಟ್ 304: ಹಾಗಾದರೆ ಭಾನುವಾರ ಬೆಳಗ್ಗೆ 10ಕ್ಕೆ ಶುರು. ಮುಚ್ಚಳ ಎಲ್ಲವೂ ಹೊರಗೆ. ವ್ಯಾಕ್ಯೂಮ್ ಕ್ಲೀನರಿನ ಮೆತ್ತನೆ ಬ್ರಷ್‌ನಿಂದ ಹೊರಗಿನ ಧೂಳು ತೆಗೆಯೋಣ, ಒದ್ದೆ ಬಟ್ಟೆ ಬೇಡ. ಆಮೇಲೆ 105ರ ಸರ್ ಪ್ರತಿ ಮಹಡಿಯಲ್ಲೂ ಒಂದೊಂದೇ ಪರೀಕ್ಷೆ ಮಾಡುತ್ತಾರೆ. ಆ ಹೊತ್ತಿಗೆ ಎಲ್ಲರೂ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ನಿಂತು ಹೂಟರ್ ಕೇಳುತ್ತದೋ ಇಲ್ಲವೋ ಹೇಳಿ. ಝೋನ್ ಸರಿಹೋಗುವ ತನಕ ಎರಡು ಮತ್ತು ನಾಲ್ಕನೇ ಮಹಡಿಗೆ ರಾತ್ರಿ ಗಂಟೆಗೊಮ್ಮೆ ಸೆಕ್ಯುರಿಟಿ ಸುತ್ತು. ಪ್ಯಾನೆಲ್ ಪಕ್ಕ ಒಂದು ಪುಸ್ತಕ ಇಡುತ್ತೇನೆ. ಇನ್ನುಮುಂದೆ ಯಾರೇ ಝೋನ್ ಆಫ್ ಮಾಡಿದರೂ ಯಾರು, ಏಕೆ, ಯಾವಾಗ ಮತ್ತೆ ಆನ್ ಅಂತ ಬರೆಯಲೇಬೇಕು.

ಫ್ಲ್ಯಾಟ್ 303: ಪರೀಕ್ಷೆಗೆ ಪೇಪರ್ ಸುಟ್ಟು ಹೊಗೆ ಹಾಕೋದಾ ಅಂಕಲ್?

ಫ್ಲ್ಯಾಟ್ 105: ಬೇಡಪ್ಪಾ! ಮಸಿ ಒಳಗೆ ಕೂತು ಡಿಟೆಕ್ಟರ್ ಹಾಳಾಗುತ್ತದೆ. ಇದಕ್ಕೆಂದೇ ಟೆಸ್ಟ್ ಸ್ಪ್ರೇ ಬರುತ್ತದೆ, ವರ್ಷಕ್ಕೊಮ್ಮೆ ಅದರಲ್ಲೇ ನೋಡಬೇಕು. ಮನೆಯೊಳಗಿನ ಬಿಡಿ ಡಿಟೆಕ್ಟರ್‌ಗೆ ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಬಟನ್ನಿನಿಂದ ಬ್ಯಾಟರಿ, ಸದ್ದು ಸರಿಯಿದೆ ಅಂತ ಗೊತ್ತಾಗುತ್ತದೆ, ಹೊಗೆ ಒಳಗೆ ಹೋಗುತ್ತಿದೆಯೇ ಅಂತ ಗೊತ್ತಾಗುವುದಿಲ್ಲ.

ಕಾರ್ಯದರ್ಶಿ: ಪ್ಯಾನೆಲ್ ತೆಗೆಸಿ ನೋಡಿದೆ. 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎರಡು, ಎರಡೂ ಉಬ್ಬಿವೆ. ತುರ್ತು ಖರ್ಚಿನಲ್ಲಿ ಶನಿವಾರದೊಳಗೆ ತರಿಸುತ್ತೇನೆ. ಟೆಸ್ಟ್ ಸ್ಪ್ರೇ ಮತ್ತು 201ರವರ ಎದುರಿನದ್ದಕ್ಕೆ ಹೊಸ ಡಿಟೆಕ್ಟರ್ ಒಂದು, ಅವೂ ಪಟ್ಟಿಯಲ್ಲಿವೆ. ಒಪ್ಪಂದದ ವಿಷಯ ಸಭೆಯಲ್ಲೇ.

ಫ್ಲ್ಯಾಟ್ 201: ಏಣಿ ನಮ್ಮನೆಯದ್ದು ತರುತ್ತೇನೆ. ಕೆಳಗೆ ಗಟ್ಟಿಯಾಗಿ ಹಿಡಿದುಕೊಳ್ಳೋಕೆ ಒಬ್ಬರು ಬೇಕೇ ಬೇಕು, ಒಂದು ಕಾಲು ಸ್ವಲ್ಪ ಅಲ್ಲಾಡುತ್ತೆ.

ಫ್ಲ್ಯಾಟ್ 403: ನಾನು ಬರ್ತೀನಿ.