ಅತ್ತಿಗೆ, ಅಡ್ವಾನ್ಸ್ ಹಾಕೋ ಮುಂಚೆ ಇದನ್ನ ಪೂರ್ತಿ ಕೇಳಿ

ಅತ್ತಿಗೆ, ಮನೆ ಶಿಫ್ಟ್ ಮಾಡೋಕೆ ಪ್ಯಾಕರ್ಸ್ ಆಂಡ್ ಮೂವರ್ಸ್‌ನವರು ಕೊಟ್ಟಿದ್ದು ಅಂತ ನೀವು ಗ್ರೂಪಲ್ಲಿ ಹಾಕಿರೋ ಮೂರೂ ಕೊಟೇಷನ್ ನೋಡಿದೆ. ರಾಜಾಜಿನಗರದ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಹೋಗ್ತಿರೋದು ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟಿಗೆ, ಒಂಬತ್ತನೇ ಮಹಡಿ. ಸಾಮಾನು ಎರಡು ಬೆಡ್‌ರೂಮ್ ಮನೇದು. ಒಬ್ಬರು 8,500 ಅಂದಿದಾರೆ, ಇನ್ನೊಬ್ಬರು 14,000, ಮೂರನೆಯವರು 19,500. ಆ 8,500ರವರು ಇವತ್ತೇ 3,000 ಯುಪಿಐ ಮಾಡಿ, ಇಲ್ಲಾಂದ್ರೆ ಸ್ಲಾಟ್ ಹೋಗುತ್ತೆ ಅಂತ ಆತುರ ಮಾಡ್ತಿದಾರೆ ಅಂದ್ರಿ. ಹಾಕ್ಬೇಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಅಣ್ಣನಿಗೂ ಕೇಳಿಸಿ.

ಈ ವ್ಯವಹಾರದಲ್ಲಿ ಸಾಮಾನು ಗಾಡಿ ಹತ್ತೋವರೆಗೂ ಮಾತು ನಿಮ್ಮ ಕೈಲಿರುತ್ತೆ. ಹತ್ತಿದ ಮೇಲೆ ಅವರ ಕೈಗೆ ಹೋಗುತ್ತೆ. ಕಮ್ಮಿ ರೇಟ್ ಹೇಳಿ, ಅಡ್ವಾನ್ಸ್ ಇಸ್ಕೊಂಡು, ಲೋಡ್ ಮಾಡಿದ ಮೇಲೆ "ಮೇಡಂ, ಸಾಮಾನು ಜಾಸ್ತಿ ಇದೆ, ಇನ್ನೂ ಹತ್ತು ಸಾವಿರ ಕೊಟ್ರೇನೇ ಇಳಿಸೋದು" ಅನ್ನೋರು ಇರೋದೇ ಇದಕ್ಕೆ. ಹಾಗಾಗಿ ಜಗಳ ಆಡೋದಿದ್ರೆ, ಚೌಕಾಸಿ ಮಾಡೋದಿದ್ರೆ, ಕಾಗದ ಕೇಳೋದಿದ್ರೆ ಎಲ್ಲಾ ಮುಂಚೆಯೇ ಮುಗಿಸ್ಬೇಕು.

8,500 ಯಾಕೆ ನಂಬೋಕಾಗಲ್ಲ ಅಂದ್ರೆ ನೀವೇ ಕೂಡಿ ನೋಡಿ. ನಿಮ್ಮ ಸಾಮಾನಿಗೆ 14 ಅಡಿ ಗಾಡಿ ಬೇಕು. ಲಿಫ್ಟ್ ಇಲ್ಲದ ಕಡೆ ಇಳಿಸೋಕೆ ಕಮ್ಮಿ ಅಂದ್ರೂ ಐದು ಜನ, ಪೂರ್ತಿ ದಿನ. ತಲಾ ಸಾವಿರ ಅಂತ ಹಿಡಿದ್ರೂ 5,000 ಅಲ್ಲೇ ಹೋಯ್ತು. ಉಳಿದ 3,500ರಲ್ಲಿ ಗಾಡಿ ಬಾಡಿಗೆ, ಡೀಸೆಲ್, 35–40 ಬಾಕ್ಸು, ಬಬಲ್ ರ್ಯಾಪ್, ಟೇಪು ಎಲ್ಲಾ ಬರ್ಬೇಕು ಅಂದ್ರೆ ಬರಲ್ಲ. ಒಂದೋ ಚಿಕ್ಕ ಗಾಡಿ, ಇಬ್ಬರು ಹುಡುಗರನ್ನ ಕಳಿಸ್ತಾರೆ, ಇಲ್ಲಾ ಉಳಿದಿದ್ದನ್ನ ದಾರೀಲಿ ವಸೂಲಿ ಮಾಡ್ತಾರೆ. ಇನ್ನೊಂದು, ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಿದ ಐದು ನಿಮಿಷಕ್ಕೆ ಫೋನ್ ಬಂತು ಅಂದ್ರಲ್ಲ, ಆ ಸೈಟುಗಳು ನಿಮ್ಮ ನಂಬರನ್ನ ಒಂದಷ್ಟು ಜನಕ್ಕೆ ಒಟ್ಟಿಗೆ ಕೊಡುತ್ವೆ. ಹಾಗೆ ಫೋನ್ ಮಾಡೋರಲ್ಲಿ ಸುಮಾರು ಜನ ಬರೀ ಬ್ರೋಕರ್‌ಗಳು. ಅವರ ಕಮಿಷನ್ ಇಟ್ಕೊಂಡು ಕೆಲಸಾನ ಬೇರೆ ಯಾರಿಗೋ ದಾಟಿಸ್ತಾರೆ. ಅವತ್ತು ಏನಾದ್ರೂ ಒಡೆದ್ರೆ, ಫೋನಲ್ಲಿ ಮಾತಾಡಿದವರು ಬೇರೆ, ಬಂದವರು ಬೇರೆ, ಯಾರೂ ಹೊಣೆ ಹೊರಲ್ಲ. "ಗಾಡಿ ನಿಮ್ದಾ, ಲೇಬರ್ ನಿಮ್ದಾ, ಬಿಲ್ ಯಾರ ಹೆಸರಲ್ಲಿ ಬರುತ್ತೆ?" ಅಂತ ನೇರವಾಗಿ ಕೇಳಿ. ಸ್ವಂತ ಗಾಡಿ ಇಲ್ಲದಿದ್ರೂ ಪರವಾಗಿಲ್ಲ, ಆದ್ರೆ ಬಿಲ್ ಹಾಕೋ ಕಂಪನಿಯೇ ಹೊಣೆ ಅಂತ ಬರೆದು ಕೊಡ್ಬೇಕು.

ಕಂಪನಿ ನಿಜವಾಗಿ ಇದೆಯಾ ಅಂತ ನೋಡೋಕೆ ಹತ್ತು ನಿಮಿಷ ಸಾಕು. ಕೊಟೇಷನ್ ಮೇಲಿರೋ ಜಿಎಸ್‌ಟಿ ನಂಬರ್ ತಗೊಳ್ಳಿ. ಅದರಲ್ಲಿ 15 ಅಕ್ಷರ ಇರ್ಬೇಕು, ಕರ್ನಾಟಕದ ರಿಜಿಸ್ಟ್ರೇಷನ್ ಆದ್ರೆ 29ರಿಂದ ಶುರುವಾಗುತ್ತೆ, ಆಮೇಲಿನ ಹತ್ತು ಅಕ್ಷರ ಪ್ಯಾನ್ ನಂಬರ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸರ್ಚ್ ಟ್ಯಾಕ್ಸ್‌ಪೇಯರ್ ಅಂತ ಇದೆ, ಲಾಗಿನ್ ಬೇಡ, ಅಲ್ಲಿ ಹಾಕಿ. ಹೆಸರು, ವಿಳಾಸ, ರಿಜಿಸ್ಟರ್ ಆದ ದಿನ, ಆಕ್ಟಿವ್ ಇದೆಯೋ ಕ್ಯಾನ್ಸಲ್ ಆಗಿದೆಯೋ ಎಲ್ಲಾ ಬರುತ್ತೆ. "ಹದಿನೈದು ವರ್ಷದ ಅನುಭವ" ಅಂತ ಕಾರ್ಡಲ್ಲಿ ಬರೆದು ಹೋದ ತಿಂಗಳು ರಿಜಿಸ್ಟರ್ ಆಗಿದ್ರೆ ಅಲ್ಲೇ ನಿಲ್ಲಿಸಿ. ಹೆಸರು ಅಕ್ಷರ ಅಕ್ಷರ ಹೊಂದ್ಬೇಕು, ಯಾಕಂದ್ರೆ ದೊಡ್ಡ ಕಂಪನಿಗಳ ಹೆಸರಿಗೆ ಒಂದು ಪದ ಹಿಂದೆ ಮುಂದೆ ಸೇರಿಸಿಕೊಂಡು ಅದೇ ಬಣ್ಣದ ಲೋಗೋ ಹಾಕ್ಕೊಂಡಿರೋರು ತುಂಬಾ ಜನ ಇದಾರೆ. ಗೂಗಲ್ ರಿವ್ಯೂನಲ್ಲಿ ಐದು ಸ್ಟಾರಿನವನ್ನ ಬಿಡಿ, ಹೊಸದು ಮೊದಲು ಬರೋ ಹಾಗೆ ಇಟ್ಟು ಒಂದು ಸ್ಟಾರಿನವನ್ನ ಓದಿ. ಒಂದೇ ವಾರದಲ್ಲಿ ಒಂದೇ ಥರದ ಹೊಗಳಿಕೆ ಸಾಲಾಗಿ ಬಂದಿದ್ರೆ ಅದಕ್ಕೆ ಬೆಲೆ ಇಲ್ಲ. ಆಫೀಸು ಯಶವಂತಪುರ ಅಂತ ಹಾಕಿದ್ರೆ ಅಣ್ಣ ಗಾಡಿ ತಗೊಂಡು ಹೋಗಿ ನೋಡ್ಕೊಂಡು ಬರಲಿ. ಎಷ್ಟೇ ನೋಡಿದ್ರೂ ಇದಕ್ಕೆ ಸಮ ಯಾವುದೂ ಇಲ್ಲ.

ಸರ್ವೇ ಮಾಡದೆ ಫೋನಲ್ಲೇ ರೇಟ್ ಹೇಳೋರನ್ನ ಬಿಟ್ಟುಬಿಡಿ. ಮನೆಗೆ ಬರಲಿ, ಇಲ್ಲಾ ವಿಡಿಯೋ ಕಾಲ್ ಮಾಡಲಿ. ಆಗ ಅಟ್ಟ, ಬಾಕ್ಸ್ ಮಂಚದ ಒಳಗೆ, ಬಾಲ್ಕನಿ ಕುಂಡಗಳು, ಟೆರೇಸ್ ಮೇಲಿನ ಹಳೇ ಡ್ರಮ್ಮು, ಅಮ್ಮನ ಹೊಲಿಗೆ ಮಿಷನ್ನು, ಸ್ಕೂಟರ್, ಒಂದನ್ನೂ ಬಿಡದೆ ತೋರಿಸಿ. ಆ ಕ್ಷಣಕ್ಕೆ ರೇಟ್ ಕಮ್ಮಿ ಆಗುತ್ತೆ ಅಂತ ಮುಚ್ಚಿಟ್ರೆ, "ಇದು ಲಿಸ್ಟಲ್ಲಿ ಇರಲಿಲ್ಲ" ಅನ್ನೋಕೆ ಅವರಿಗೆ ನಾವೇ ಅವಕಾಶ ಕೊಟ್ಟ ಹಾಗೆ. ಲಿಸ್ಟ್ ಬರೆದು ವಾಟ್ಸಾಪಲ್ಲಿ ಕಳಿಸ್ಬೇಕು, ಅದರ ಕೆಳಗೇ ಒಟ್ಟು ಮೊತ್ತ. ಆ ಮೊತ್ತದಲ್ಲಿ ಏನೇನು ಸೇರಿದೆ ಅಂತ ಒಂದೊಂದಾಗಿ ಕೇಳಿ: ಎರಡನೇ ಮಹಡಿಯಿಂದ ಮೆಟ್ಟಿಲಲ್ಲಿ ಇಳಿಸೋದು, ಮಂಚ ಬಿಚ್ಚಿ ಜೋಡಿಸೋದು, ಎಸಿ ತೆಗೆದು ಹಾಕೋದು, ಗೇಟಿಂದ ಟವರ್‌ವರೆಗೆ ಹೊರೋದು, ಬಾಕ್ಸ್ ಬಿಚ್ಚಿ ರಟ್ಟು ವಾಪಸ್ ತಗೊಂಡು ಹೋಗೋದು, ಜಿಎಸ್‌ಟಿ. ಆ 14,000ದವರು ಜಿಎಸ್‌ಟಿ ಬೇರೆ ಅಂತ ಕೆಳಗೆ ಸಣ್ಣದಾಗಿ ಹಾಕಿದಾರೆ ನೋಡಿ. 18 ಪರ್ಸೆಂಟ್ ಅಂದ್ರೆ 2,520, ಅಲ್ಲಿಗೆ 16,520 ಆಯ್ತು. 19,500ರವರು ಎಲ್ಲಾ ಸೇರಿಸಿ ಹೇಳಿದಾರೆ. ಇವೆರಡನ್ನೇ ಹೋಲಿಸ್ಬೇಕಾಗಿರೋದು. ಎಸಿ ಮಾತ್ರ ಯಾರಿಗೂ ಕೊಡಬೇಡಿ, ನಿಮ್ಮ ಎಸಿ ಮೆಕ್ಯಾನಿಕ್‌ನೇ ಕರೆಸಿ. ಗ್ಯಾಸನ್ನ ಹೊರಗಿನ ಯೂನಿಟ್‌ಗೆ ಎಳೆದು ಲಾಕ್ ಮಾಡದೆ ಪೈಪ್ ಬಿಚ್ಚಿದ್ರೆ ಗ್ಯಾಸ್ ಪೂರ್ತಿ ಹೋಗುತ್ತೆ.

ನಿಮ್ಮ ಕ್ರಾಸ್ ರೋಡಿಗೆ 14 ಅಡಿ ಗಾಡಿ ಬರುತ್ತಾ ಅಂತ ಸರ್ವೇ ದಿನಾನೇ ತೋರಿಸಿ. ಎರಡೂ ಕಡೆ ಕಾರ್ ನಿಂತಿದ್ರೆ ಬರಲ್ಲ. ಆಮೇಲೆ ಚಿಕ್ಕ ಗಾಡೀಲಿ ಮೇನ್ ರೋಡಿಗೆ ಸಾಗಿಸಿ ಅಲ್ಲಿ ಮತ್ತೆ ಲೋಡ್ ಮಾಡ್ತಾರೆ, ಅದಕ್ಕೆ ಬೇರೆ ದುಡ್ಡು, ಎರಡು ಸಲ ಎತ್ತಿ ಇಳಿಸೋದ್ರಿಂದ ಒಡೆಯೋದೂ ಜಾಸ್ತಿ.

ಇನ್ನು ಇನ್ಶೂರೆನ್ಸ್. ಮೂರನೆಯವರು ಸಾಮಾನಿನ ಬೆಲೆ ಮೇಲೆ 3 ಪರ್ಸೆಂಟ್ ಟ್ರಾನ್ಸಿಟ್ ಇನ್ಶೂರೆನ್ಸ್, ಅಂದ್ರೆ ಸಾಗಿಸುವಾಗ ಆಗೋ ನಷ್ಟಕ್ಕೆ ವಿಮೆ, ಬೇಕಾದ್ರೆ ಮಾಡಿಸ್ತೀವಿ ಅಂತ ಹಾಕಿದಾರೆ. ನಾಲ್ಕು ಲಕ್ಷ ಅಂತ ಬರೆದ್ರೆ 12,000 ಆಗುತ್ತೆ! ಪಾಲಿಸಿ ಕೊಡ್ಬೇಕಾಗಿರೋದು ಇನ್ಶೂರೆನ್ಸ್ ಕಂಪನಿ, ಪ್ಯಾಕರ್ಸ್ ಅಲ್ಲ. ನಿಮ್ಮ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ಮೊತ್ತ ಅಂತ ಇರೋ ಪಾಲಿಸಿ ಕಾಪಿ ಲೋಡ್ ಆಗೋ ಮುಂಚೆ ಕೈಗೆ ಬಂದ್ರೆ ಮಾತ್ರ ಅದು ಇನ್ಶೂರೆನ್ಸ್. ಬಂದ್ರೂ ಓದಿ ನೋಡಿ, ಕೆಲವು ಪಾಲಿಸಿ ಬೆಂಕಿ, ಆಕ್ಸಿಡೆಂಟಿಗೆ ಮಾತ್ರ, ಇಳಿಸುವಾಗ ಟಿವಿ ಬಿದ್ರೆ ಏನೂ ಸಿಗಲ್ಲ. ಊರೊಳಗಿನ ಶಿಫ್ಟಿಂಗ್‌ಗೆ ಆ ದುಡ್ಡು ಬೇಡ ಅನ್ನೋದು ನನ್ನ ಅಭಿಪ್ರಾಯ. ಬೇರೆ ರಾಜ್ಯಕ್ಕೆ ಹೋಗೋರಾದ್ರೆ ಮಾಡಿಸ್ಲೇಬೇಕು.

ಅದರ ಬದಲು ಎಲ್‌ಆರ್, ಅಂದ್ರೆ ಲಾರಿ ರಸೀದಿ, ಕೇಳಿ ತಗೊಳ್ಳಿ. ಅದರಲ್ಲಿ ಸಾಮಾನಿನ ಬೆಲೆ ಬರೆಯೋ ಕಾಲಂ ಖಾಲಿ ಬಿಡ್ಬೇಡಿ, ಅವರು ಸುಮ್ನೆ 10,000 ಅಂತ ಹಾಕೋಕೂ ಬಿಡ್ಬೇಡಿ. 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ, 2011ರ ಅದರ ನಿಯಮಗಳ ಪ್ರಕಾರ, ಹೆಚ್ಚಿನ ಹೊಣೆಗೆ ಮೊದಲೇ ಒಪ್ಪಂದ ಆಗಿಲ್ಲದಿದ್ರೆ, ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ನೀವು ಬರೆದ ಬೆಲೆಯನ್ನ ಮೀರೋ ಹಾಗಿಲ್ಲ. 10,000 ಅಂತ ಬರೆದಿದ್ರೆ ಫ್ರಿಜ್, ಟಿವಿ, ವಾಷಿಂಗ್ ಮಿಷನ್ ಮೂರೂ ಹೋದ್ರೂ ಅಷ್ಟೇ. ನಷ್ಟ ಆದ್ರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಟ್ಟಿರ್ಬೇಕು, ಫೋನಲ್ಲಿ ಬೈದಿದ್ದು ಲೆಕ್ಕಕ್ಕೆ ಬರಲ್ಲ.

ದುಡ್ಡು ಕೊಡೋದು ಹೀಗೆ ಮಾಡಿ. ಬುಕಿಂಗ್‌ಗೆ 500, ಹೆಚ್ಚೆಂದ್ರೆ 1,000, ಕಂಪನಿ ಅಕೌಂಟಿಗೆ. ಯುಪಿಐ ಸ್ಕ್ಯಾನ್ ಮಾಡಿದಾಗ ಬರೋ ಹೆಸರು ಬಿಲ್ಲಿನ ಹೆಸರೇ ಆಗಿರ್ಬೇಕು. ಲೋಡ್ ಆದ ಮೇಲೆ ಅರ್ಧ, ಇಳಿಸಿ ಮಂಚ ಜೋಡಿಸಿದ ಮೇಲೆ ಉಳಿದದ್ದು. ಈ ಮಾತು ಕೊಟೇಷನ್‌ನಲ್ಲೇ ಬರೆಸಿ.

ದೊಡ್ಡಮ್ಮ ಆಷಾಢ ಬರೋ ಮುಂಚೆ ಹೋಗಿ ಅಂದಿದಾರೆ, ಸರಿಯೇ. ಆದ್ರೆ ಆಷಾಢದ ಹಿಂದಿನ ಒಳ್ಳೆ ದಿನಗಳಲ್ಲಿ, ಅದೂ ತಿಂಗಳ ಕೊನೆ ಶನಿವಾರ ಭಾನುವಾರ ಬಿದ್ರೆ, ಒಂದೇ ತಂಡ ದಿನಕ್ಕೆ ಎರಡು ಮನೆ ಮಾಡುತ್ತೆ. ಎರಡನೇ ಮನೆ ನಿಮ್ದಾದ್ರೆ ಸುಸ್ತಾಗಿ ಬಂದ ಹುಡುಗರು ರಾತ್ರಿ ಇಳಿಸ್ತಾರೆ. ಮುಹೂರ್ತಕ್ಕೆ ನೀವಿಬ್ಬರೂ ಹೋಗಿ ಹಾಲು ಉಕ್ಕಿಸಿ ಬನ್ನಿ, ಸಾಮಾನನ್ನ ಅದಾದ ಮೇಲಿನ ಬುಧವಾರವೋ ಗುರುವಾರವೋ ಸಾಗಿಸಿ, ಅವತ್ತಿನ ಮೊದಲನೇ ಕೆಲಸ ನಿಮ್ದೇ ಅಂತ ಖಾತ್ರಿ ಮಾಡ್ಕೊಳ್ಳಿ. ಬೆಳಗ್ಗೆ ಸಂಜೆ ಪೀಕ್ ಅವರ್‌ನಲ್ಲಿ ಗೂಡ್ಸ್ ಗಾಡಿಗಳಿಗೆ ಸಿಟಿಯಲ್ಲಿ ನಿರ್ಬಂಧ ಇರುತ್ತೆ, ಹಾಗಾಗಿ 7 ಗಂಟೆಗೆ ಪ್ಯಾಕಿಂಗ್ ಶುರು ಮಾಡಿ 11, 12ರ ಹೊತ್ತಿಗೆ ಗಾಡಿ ಹೊರಡ್ಬೇಕು. ಹೊಸ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನ ಇವತ್ತೇ ಕೇಳಿ: ಸಾಮಾನು ತರೋಕೆ ಎಷ್ಟರಿಂದ ಎಷ್ಟರವರೆಗೆ ಬಿಡ್ತಾರೆ, ವೀಕೆಂಡ್ ಬಿಡ್ತಾರಾ, ಸರ್ವಿಸ್ ಲಿಫ್ಟ್ ಬುಕ್ ಮಾಡ್ಬೇಕಾ, ಓನರ್ ಕಡೆಯಿಂದ ಪತ್ರ ಬೇಕಾ, ಗಾಡಿ ಒಳಗೆ ಎಲ್ಲಿ ನಿಲ್ಲಿಸ್ಬಹುದು. ಸಂಜೆ 5 ದಾಟಿತು ಅಂತ ಗೇಟಲ್ಲಿ ನಿಲ್ಲಿಸಿಬಿಟ್ರೆ ಒಂದು ರಾತ್ರಿ ಸಾಮಾನು ಗಾಡಿಯಲ್ಲೇ ಉಳಿಯುತ್ತೆ.

ಪ್ಯಾಕಿಂಗ್‌ನಲ್ಲಿ ಕೆಲವೇ ವಿಷಯ ನಿಮ್ಮ ಕೈಯಾರೆ ಆಗ್ಬೇಕು. ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ, ಐಸ್ ಕರಗಿಸಿ, ಒರೆಸಿ. ನಿಲ್ಲಿಸಿಯೇ ಸಾಗಿಸ್ಬೇಕು. ಮಲಗಿಸಿದ್ರೆ ಕಂಪ್ರೆಸರ್ ಆಯಿಲ್ ಪೈಪಿಗೆ ಹೋಗುತ್ತೆ, ಆಗ ಒಂದು ದಿನ ನಿಲ್ಲಿಸಿಟ್ಟೇ ಆನ್ ಮಾಡ್ಬೇಕು. ನಿಲ್ಲಿಸಿ ತಂದ್ರೂ ನಾಲ್ಕು ಗಂಟೆ ಬಿಡಿ. ನಿಮ್ಮ ವಾಷಿಂಗ್ ಮಿಷನ್ ಫ್ರಂಟ್ ಲೋಡ್ ಅಲ್ವಾ, ತಂದಾಗ ಹಿಂದೆ ಬಿಚ್ಚಿಟ್ಟ ಉದ್ದನೆ ಬೋಲ್ಟ್‌ಗಳು ಎಲ್ಲಿವೆ ಹುಡುಕಿ. ಅವನ್ನ ಹಾಕದೆ ಸಾಗಿಸಿದ್ರೆ ಡ್ರಮ್ ಒಳಗೇ ಬಡಿದು ಸಸ್ಪೆನ್ಷನ್ ಹಾಳಾಗುತ್ತೆ. ಇಲ್ಲದಿದ್ರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಹೊಸ ಮನೇಲಿ ಅವನ್ನ ತೆಗೆದ ಮೇಲೇ ಮಿಷನ್ ಹಾಕ್ಬೇಕು, ಇದನ್ನ ಮರೆಯೋರು ತುಂಬಾ. ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬ್ ಬಿಚ್ಚಿಸಬೇಡಿ. ಒಂದು ಸಲ ತೆಗೆದ ಸ್ಕ್ರೂ ಎರಡನೇ ಸಲ ಹಿಡಿಯಲ್ಲ, ಮೆಟ್ಟಿಲಲ್ಲಿ ತಿರುಗುತ್ತೆ ಅಂದ್ರೆ ಹಾಗೇ ಇಳಿಸಲಿ. ಪುಸ್ತಕ ಚಿಕ್ಕ ಬಾಕ್ಸಲ್ಲಿ, 15 ಕೆಜಿ ಮೀರದ ಹಾಗೆ. ಪಿಂಗಾಣಿ ತಟ್ಟೆಗಳನ್ನ ಒಂದರ ಮೇಲೊಂದು ಇಡದೆ ಅಂಚಿನ ಮೇಲೆ ನಿಲ್ಲಿಸಿ, ಐದು ಪದರದ ರಟ್ಟಿನ ಬಾಕ್ಸಲ್ಲಿ. ಸ್ಟೀಲ್ ಪಾತ್ರೆಗೆ ಯಾವ ಬಾಕ್ಸಾದ್ರೂ ಆಗುತ್ತೆ. ಇನ್ವರ್ಟರ್ ಬ್ಯಾಟರಿ ನಿಲ್ಲಿಸಿಯೇ ಇರ್ಬೇಕು, ಹಾಸಿಗೆ ಬಟ್ಟೆ ಹತ್ತಿರ ಬೇಡ, ಆಸಿಡ್ ಚೆಲ್ಲಿದ್ರೆ ಎಲ್ಲಾ ಸುಟ್ಟಂತೆ. ಒಡವೆ, ಪತ್ರಗಳು, ಲ್ಯಾಪ್‌ಟಾಪ್, ಅಮ್ಮನ ಮಾತ್ರೆಗಳು ನಿಮ್ಮ ಕಾರಲ್ಲೇ. ಗ್ಯಾಸ್ ಸಿಲಿಂಡರನ್ನ ಮುಚ್ಚಿದ ಗಾಡಿಯೊಳಗೆ ಹಾಕಿಸಲೇಬೇಡಿ.

ಅವತ್ತು ಬಾಕ್ಸ್‌ಗಳಿಗೆ ನಂಬರ್ ಹಾಕಿ, ಟಿವಿ, ಫ್ರಿಜ್, ಮಂಚದ ಫೋಟೋ ತೆಗೀರಿ, ಲಿಸ್ಟಿಗೆ ಇಬ್ಬರೂ ಸೈನ್ ಮಾಡಿ. ಗಾಡಿ ನಂಬರ್ ಪ್ಲೇಟ್ ಹಳದಿ ಇರ್ಬೇಕು, ಅದರ ಫೋಟೋ, ಡ್ರೈವರ್ ಲೈಸೆನ್ಸ್ ಫೋಟೋ ಈ ಗ್ರೂಪಿಗೆ ಹಾಕಿ. ಗಾಡಿ ನಂಬರ್ ಎಂಪರಿವಾಹನ್ ಆ್ಯಪಲ್ಲಿ ಹಾಕಿದ್ರೆ ರಿಜಿಸ್ಟ್ರೇಷನ್ ವಿವರ ಬರುತ್ತೆ. ಅಣ್ಣ ಗಾಡಿ ಹಿಂದೆ ಬರಲಿ, ನೀವು ಮುಂಚೆ ಹೋಗಿ ಅಲ್ಲಿರಿ. ಆಕ್ಟ್ರಾಯ್ (ಊರೊಳಗೆ ಸರಕು ತರೋಕೆ ಹಾಕ್ತಿದ್ದ ಸುಂಕ), ಇ-ವೇ ಬಿಲ್ (ಸರಕು ಸಾಗಿಸೋಕೆ ಜಿಎಸ್‌ಟಿಯವರ ಆನ್‌ಲೈನ್ ದಾಖಲೆ) ಅಂತ ದುಡ್ಡು ಕೇಳಿದ್ರೆ ಕೊಡ್ಬೇಡಿ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಾಗಿಲ್ಲ, ಆಕ್ಟ್ರಾಯ್ ಈಗ ಇಲ್ಲವೇ ಇಲ್ಲ.

ಹಾಗೂ ಗಾಡಿ ನಿಲ್ಲಿಸಿ ಹೆಚ್ಚು ಕೇಳಿದ್ರೆ ದಾರೀಲಿ ಕೈ ಮಿಲಾಯಿಸ್ಬೇಡಿ, 112ಕ್ಕೆ ಫೋನ್ ಮಾಡಿ. ಸಾಗಿಸೋಕೆ ಒಪ್ಪಿಸಿದ ಸಾಮಾನನ್ನ ಮೋಸದಿಂದ ಇಟ್ಕೊಳ್ಳೋದು ಭಾರತೀಯ ನ್ಯಾಯ ಸಂಹಿತೆಯ 316(3)ರಲ್ಲಿ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ ಇದೆ. ಎಲ್‌ಆರ್, ಲಿಸ್ಟು, ವಾಟ್ಸಾಪ್ ಮಾತು ಕೈಲಿದ್ರೆ ಸ್ಟೇಷನ್‌ನಲ್ಲಿ ನಿಮ್ಮ ಮಾತಿಗೆ ಬಲ ಬರುತ್ತೆ. ಅಡ್ವಾನ್ಸ್ ತಗೊಂಡು ಫೋನ್ ಆಫ್ ಮಾಡಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930. ಒಡೆದಿದ್ದು, ಕಾಣೆಯಾದದ್ದಕ್ಕೆ ಗ್ರಾಹಕರ ಸಹಾಯವಾಣಿ 1915. ಅಲ್ಲೂ ಆಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ, ಎರಡು ವರ್ಷದೊಳಗೆ ದೂರು ಕೊಡ್ಬಹುದು, ನಾವು ಕೊಟ್ಟ ಮೊತ್ತ ಐದು ಲಕ್ಷದೊಳಗೆ ಇದ್ರೆ ಶುಲ್ಕ ಇಲ್ಲ.

ಹಳೇ ಮನೆ ಬಿಡೋ ದಿನ ಬೆಸ್ಕಾಂ ಮೀಟರಿನ ಫೋಟೋ ತೆಗೆದಿಡಿ. ಗೃಹಜ್ಯೋತಿ ನಿಮ್ಮ ಆಧಾರ್‌ಗೆ ಆ ಮನೆಯ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಲ್ಲಿರೋ ಕನೆಕ್ಷನ್ ನಂಬರ್) ಜೊತೆ ಜೋಡಣೆಯಾಗಿದೆ, ಅದನ್ನ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಡೀಲಿಂಕ್ ಮಾಡಿದ್ರೇನೇ ಹೊಸ ಮನೆಗೆ ಹಾಕೋಕಾಗೋದು. ಗ್ಯಾಸ್ ಕನೆಕ್ಷನ್ ಊರೊಳಗೇ ಬೇರೆ ಏಜೆನ್ಸಿಗೆ ಟ್ರಾನ್ಸ್‌ಫರ್ ಆಗುತ್ತೆ. ಈಗ ಆ 14,000ದವರಿಗೂ 19,500ರವರಿಗೂ ಫೋನ್ ಮಾಡಿ ಮನೆಗೆ ಬಂದು ಸರ್ವೇ ಮಾಡಿ ಅನ್ನಿ, ಬರೋಕೆ ಒಪ್ಪಿದವರ ಜಿಎಸ್‌ಟಿ ನಂಬರ್ ಇಲ್ಲಿ ಹಾಕಿ, ನಾನು ಇವತ್ತು ರಾತ್ರಿಯೇ ನೋಡಿ ಹೇಳ್ತೀನಿ.