ಯಾರ ಪಟ್ಟಿಯಲ್ಲೂ ಇಲ್ಲದ ನಮ್ಮ ಮಕ್ಕಳು

ಡಿಸೆಂಬರ್ ರಜಕ್ಕೆ ಮಕ್ಕಳನ್ನು ಮಲೆನಾಡಿಗೆ ಕರೆದುಕೊಂಡು ಬರಬಹುದಾ, ಮಂಗನ ಕಾಯಿಲೆ ಇದೆಯಂತಲ್ಲ ಅಂತ ಅಮೆರಿಕದಲ್ಲಿರುವ ಕನ್ನಡಿಗರ ಈ ಗುಂಪಿನಲ್ಲಿ ವಾರದಿಂದ ಚರ್ಚೆ ನಡೆಯುತ್ತಿದೆ. ನಾನು ನ್ಯೂಜೆರ್ಸಿ ಬಿಟ್ಟು ಬಂದು ಈಗ ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲೇ ಇರುವವಳು, ಎರಡು ಮಕ್ಕಳ ತಾಯಿ. ಗೊತ್ತಿರುವಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ. ಬನ್ನಿ, ಧಾರಾಳವಾಗಿ ಬನ್ನಿ. ಆದರೆ ಇಲ್ಲಿ ಯಾರೂ ಎತ್ತದ ವಿಷಯ ಇನ್ನೊಂದಿದೆ, ನಮ್ಮ ಮಕ್ಕಳ ಲಸಿಕೆಯ ಲೆಕ್ಕ ಯಾರ ಹತ್ತಿರವೂ ಇಲ್ಲದಿರೋದು, ನನಗೆ ಅದೇ ದೊಡ್ಡದು ಅನ್ನಿಸುತ್ತೆ.

ಮೊದಲು ಮಂಗನ ಕಾಯಿಲೆ ಮುಗಿಸಿಬಿಡೋಣ. ಇದು ನಮ್ಮ ಜಿಲ್ಲೆಯದ್ದೇ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು, ಅದಕ್ಕೇ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅನ್ನೋ ಹೆಸರು. ಹರಡೋದು ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ. ಮನುಷ್ಯರಿಂದ ಮನುಷ್ಯರಿಗೆ ಬರಲ್ಲ. ಬಸ್ಸಲ್ಲಿ ಪಕ್ಕ ಕೂತರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಬರಲ್ಲ. ದರಗು (ಒಣಗಿದ ಎಲೆ) ತರಲು ಹೋದವರಿಗೆ, ದನ ಅಟ್ಟಿಕೊಂಡು ಕಾಡಿಗೆ ಹೋದವರಿಗೆ, ಸೊಪ್ಪಿನ ಬೆಟ್ಟದಲ್ಲಿ ಕೆಲಸ ಮಾಡುವವರಿಗೆ ಬರುತ್ತೆ. ಡಿಸೆಂಬರಿನಿಂದ ಮೇ ತನಕ ಜಾಸ್ತಿ, ಯಾಕೆಂದರೆ ಮರಿ ಉಣುಗುಗಳು ಓಡಾಡೋದು ಆವಾಗಲೇ. ಅಂದರೆ ನಿಮ್ಮ ಕ್ರಿಸ್‌ಮಸ್ ರಜೆ, ನಮ್ಮ ಅಡಿಕೆ ಕೊಯ್ಲು, ಉಣುಗಿನ ಕಾಲ ಮೂರೂ ಒಟ್ಟಿಗೆ ಬೀಳುತ್ತವೆ.

ಹೊರಡುವ ಮುಂಚೆ ಇದಕ್ಕೆ ಲಸಿಕೆ ಎಲ್ಲಿ ಸಿಗುತ್ತೆ ಅಂತ ಇಬ್ಬರು ಕೇಳಿದ್ದೀರಿ. ಸಿಗಲ್ಲ. ಹಿಂದೆ 6ರಿಂದ 65 ವರ್ಷದವರಿಗೆ ಹಾಕುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್. ಅಷ್ಟು ಹಾಕಿದರೂ ರಕ್ಷಣೆ ಸಾಲುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸದೊಂದು ತಯಾರಾಗಿ ಪರೀಕ್ಷೆಯ ಹಂತದಲ್ಲಿದೆ. ಅಲ್ಲಿಯವರೆಗೆ ಉಳಿದಿರೋದು ಹಳೇ ಬುದ್ಧಿಯೇ. ತೋಟದ ಮೇಲಿನ ಕಾಡಿಗೆ ಮಕ್ಕಳನ್ನು ಬಿಡಬೇಡಿ. ಹೋಗಲೇಬೇಕಿದ್ದರೆ ಮೈ ಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಪುಕ್ಕಟೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಳ್ಳಿ. ಸಣ್ಣ ಮಕ್ಕಳಿಗೆ ಹಚ್ಚುವ ಮುಂಚೆ ಡಾಕ್ಟರನ್ನು ಕೇಳಿ. ವಾಪಸು ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಹಂಡೆ ತುಂಬ ಬಿಸಿನೀರು ಇರೋ ಊರಲ್ಲಿ ಇದೇನು ಕಷ್ಟ ಅಲ್ವಾ?

ಒಂದು ಮಾತು ಮಾತ್ರ ನೆನಪಿಡಿ. ಉಣುಗು ಕಚ್ಚಿದ ಮೇಲೆ ಜ್ವರ ಬರಲು ಮೂರರಿಂದ ಎಂಟು ದಿನ ಹಿಡಿಯುತ್ತೆ. ಅಷ್ಟರಲ್ಲಿ ನೀವು ವಿಮಾನ ಹತ್ತಿರಬಹುದು. ಡಲ್ಲಾಸ್‌ನ ಡಾಕ್ಟರಿಗೆ ಈ ಕಾಯಿಲೆಯ ಹೆಸರೂ ಗೊತ್ತಿರದಿದ್ದರೆ ಆಶ್ಚರ್ಯ ಇಲ್ಲ. ಜ್ವರ, ವಿಪರೀತ ತಲೆನೋವು, ಮೈಕೈ ನೋವು ಕಂಡರೆ 'ಶಿವಮೊಗ್ಗದ ಕಾಡಿನ ಕಡೆ ಹೋಗಿದ್ದೆವು' ಅಂತ ನೀವೇ ಬಾಯಿ ಬಿಟ್ಟು ಹೇಳಬೇಕು. ಅಲ್ಲಿಯ ಅಭ್ಯಾಸದಂತೆ ಜ್ವರ ಅಂದ ಕೂಡಲೇ ಮೋಟ್ರಿನ್ (ಐಬುಪ್ರೊಫೆನ್) ಕುಡಿಸಬೇಡಿ. ಇದು ರಕ್ತಸ್ರಾವ ಆಗಬಹುದಾದ ಕಾಯಿಲೆ, ಡಾಕ್ಟರನ್ನು ಕೇಳುವ ತನಕ ಪ್ಯಾರಾಸಿಟಮಾಲ್ ಸಾಕು.

ಈ ಕಾಯಿಲೆಯ ಮೇಲೆ ಸರ್ಕಾರ ಕಣ್ಣಿಡುವ ರೀತಿ ನೋಡಿದರೆ ನಿಮ್ಮ ಅರ್ಧ ಭಯ ಹೋಗುತ್ತೆ. ಕಾಡಲ್ಲಿ ಕೋತಿಯೋ ಮುಸಿಯವೋ (ಕಪ್ಪು ಮುಖದ ಮಂಗ) ಸತ್ತು ಬಿದ್ದರೆ ಅದೇ ಮೊದಲ ಸೂಚನೆ. ಊರವರು ಸುದ್ದಿ ಕೊಡಬೇಕು, ಮುಟ್ಟಬಾರದು. ಆಮೇಲೆ ಮರಣೋತ್ತರ ಪರೀಕ್ಷೆ, ಸುತ್ತ 50 ಮೀಟರ್ ಉಣುಗು ಸಾಯುವ ಪುಡಿ ಸಿಂಪಡಣೆ. ಉಣುಗು ಹಿಡಿಯೋದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಬ್ಬರು ಹುಡುಗರು ಬಿಳಿ ಬಟ್ಟೆಯೊಂದನ್ನು ತರಗೆಲೆ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗುತ್ತಾರೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಬಟ್ಟೆ ಮಗುಚಿ ನೋಡುತ್ತಾರೆ. ಎಳ್ಳಿಗಿಂತ ಸಣ್ಣ ಚುಕ್ಕಿಗಳು, ಸುಮ್ನೆ ನೋಡಿದರೆ ಮಣ್ಣು ಅಂದುಕೊಳ್ಳಬೇಕು, ಆದರೆ ನಡೆಯುತ್ತಿರುತ್ತವೆ. ಚಿಮಟದಲ್ಲಿ ಒಂದೊಂದೇ ಹಿಡಿದು ಸೀಸೆಗೆ ಹಾಕಿ, ಜಾಗದ ಹೆಸರು ಬರೆದು ಲ್ಯಾಬಿಗೆ ಕಳಿಸುತ್ತಾರೆ. ಶಿವಮೊಗ್ಗದಲ್ಲಿ ಇದಕ್ಕೆಂದೇ ವೈರಸ್ ಪತ್ತೆ ಲ್ಯಾಬ್ ಇದೆ, ಜ್ವರ ಬಂದವರ ರಕ್ತವೂ ಅಲ್ಲಿಗೆ ಹೋಗುತ್ತೆ.

ಹೀಗೆ ಸತ್ತ ಮಂಗಕ್ಕೂ ಲೆಕ್ಕ ಇರುವ ಜಿಲ್ಲೆ ಇದು. ಲೆಕ್ಕ ಇಲ್ಲದ್ದು ನಮ್ಮ ಮಕ್ಕಳದ್ದು.

ನಾವು ಬಂದ ಹೊಸತರಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದರು. ಗುಲಾಬಿ ಸೀರೆ, ಕಂಕುಳಲ್ಲಿ ರಿಜಿಸ್ಟರು. ಜಗಲಿಯಲ್ಲಿ ಅಡಿಕೆ ಸುಲಿಯುವವರ ಪಕ್ಕ ಕೂತು, 'ಅಮ್ಮಾ, ಮನೇಲಿ ಸಣ್ಣ ಮಕ್ಕಳು ಬಂದಿದಾರಂತಲ್ಲ, ಎಷ್ಟು ವರ್ಷ?' ಅಂತ ನಮ್ಮತ್ತೆಯನ್ನು ಕೇಳಿದರು. ಅತ್ತೆ ಕಾಫಿ ಕೊಟ್ಟರು, ಲೆಕ್ಕ ಕೊಡಲಿಲ್ಲ. 'ಅಮೆರಿಕದ ಮಕ್ಕಳು ಮಾರಾಯ್ತಿ, ಎಲ್ಲಾ ಅಲ್ಲೇ ಆಗಿದೆ, ಬರ್ಕೊಳೋದು ಎಂತಕ್ಕೆ?' ಅಂದರು. ನಾನು ಒಳಗಿಂದ ಫೈಲು ತಂದು ಕೊಟ್ಟೆ. ಆಕೆ ಒಂದೊಂದೇ ಹಾಳೆ ತಿರುವಿ, 'ಇದರಲ್ಲಿ ಡಿಟಿಎಪಿ ಅಂತಿದೆ, ನಮ್ಮದು ಪೆಂಟಾ, ಎರಡೂ ಒಂದೇನಾ ಅಕ್ಕಾ?' ಅಂತ ಕೇಳಿದರು. ಎಷ್ಟು ಸರಿಯಾದ ಪ್ರಶ್ನೆ ನೋಡಿ. ಒಂದೇ ಅಲ್ಲ. ಡಿಟಿಎಪಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೆ, ಪೆಂಟಾದಲ್ಲಿ ಆ ಮೂರರ ಜೊತೆ ಹೆಪಟೈಟಿಸ್ ಬಿ ಮತ್ತು ಹಿಬ್ (ಮಕ್ಕಳಿಗೆ ಮೆದುಳುಜ್ವರ ತರುವ ಒಂದು ಬ್ಯಾಕ್ಟೀರಿಯಾ) ಲಸಿಕೆಗಳೂ ಸೇರಿರುತ್ತವೆ. ಆಮೇಲೆ ತಾರೀಖು. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. 07/03 ಅಂದರೆ ಅಲ್ಲಿ ಜುಲೈ 3, ಇಲ್ಲಿ ಮಾರ್ಚ್ 7. ತಿಂಗಳ ಹೆಸರು ಅಕ್ಷರದಲ್ಲಿ ಬರೆದ ಹಾಳೆಯನ್ನೇ ತನ್ನಿ, ಇಲ್ಲದಿದ್ದರೆ ನಾಲ್ಕು ತಿಂಗಳು ಆಚೀಚೆ ಆಗುತ್ತೆ.

ನನ್ನ ಮಾತಿನ ಮುಖ್ಯ ಅಂಶ ಇದು. ಅಲ್ಲಿಯ ರಾಜ್ಯದ ಲಸಿಕೆ ದಾಖಲೆಯಲ್ಲಿ ನಮ್ಮ ಮಕ್ಕಳು ಊರು ಬಿಟ್ಟ ದಿನಕ್ಕೆ ನಿಂತುಹೋಗುತ್ತಾರೆ. ಇಲ್ಲಿ ಆಶಾ ರಿಜಿಸ್ಟರಿಗೆ ಸೇರುವುದಿಲ್ಲ, ಯಾಕೆಂದರೆ ನಾವು ದೊಡ್ಡವರು, ಸರ್ಕಾರಿ ಆಸ್ಪತ್ರೆಗೆ ಹೋಗಲ್ಲ, ಶಿವಮೊಗ್ಗದ ಪ್ರೈವೇಟ್ ಡಾಕ್ಟರ ಹತ್ತಿರ ಹಾಕಿಸುತ್ತೇವೆ. ಒಂದು ಡೋಸ್ ತಪ್ಪಿದರೆ ನೆನಪಿಸಲು ಯಾರೂ ಇಲ್ಲ. ಬಡವರ ಮನೆ ಮಗುವಿಗೆ ತಾಯಿ ಕಾರ್ಡ್ ಇದೆ, ಲಸಿಕೆ ಹಾಕುವ ಗುರುವಾರ ಬಂತು ಅಂತ ಕರೆಯಲು ಆಶಾ ಇದ್ದಾರೆ. ನಮ್ಮ ಮಗುವಿಗೆ ಅಪ್ಪ ಅಮ್ಮನ ವಾಟ್ಸಾಪಿನಲ್ಲಿ ಎಲ್ಲೋ ಇರುವ ಒಂದು ಫೋಟೋ.

ಪಲ್ಸ್ ಪೋಲಿಯೋ ದಿನದ ನಂತರ ಮನೆ ಮನೆಗೆ ಬಂದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರಲ್ಲ, ಎಲ್ಲ ಮಕ್ಕಳಿಗೂ ಆಗಿದ್ದರೆ 'ಪಿ', ಯಾರಾದರೂ ಬಿಟ್ಟುಹೋಗಿದ್ದರೆ 'ಎಕ್ಸ್'. ಅದು ನೆಂಟರಾಗಿ ಬಂದ ಮಕ್ಕಳಿಗೂ ಅನ್ವಯ, 5 ವರ್ಷದೊಳಗಿನ ಎಲ್ಲರಿಗೂ. 'ನಮ್ಮ ಮಕ್ಕಳು ಇಲ್ಲಿಯವರಲ್ಲ' ಅಂತ ಬಾಗಿಲಲ್ಲೇ ಕಳಿಸಿದರೆ ಆ ಮನೆಯ ಲೆಕ್ಕ ತಪ್ಪುತ್ತೆ. ಈ ಹಠದಿಂದಲೇ ದೇಶದಲ್ಲಿ 2011ರ ಜನವರಿ ನಂತರ ಪೋಲಿಯೋ ಪ್ರಕರಣ ಬರಲಿಲ್ಲ, 2014ರಲ್ಲಿ ಪೋಲಿಯೋ ಮುಕ್ತ ಅನ್ನಿಸಿಕೊಂಡೆವು.

ಇನ್ನು ದಡಾರ. ಇಂಡಿಯಾಗೆ ಹೋದರೆ ದಡಾರ ಹತ್ತುತ್ತೆ, ಅಮೆರಿಕದಲ್ಲಿ ಆ ಸಮಸ್ಯೆ ಇಲ್ಲ ಅಂತ ಒಬ್ಬರು ಬರೆದಿದ್ದಾರೆ. ಸಾರ್, 2025ರಲ್ಲಿ ಟೆಕ್ಸಾಸ್ ಒಂದರಲ್ಲೇ ಒಂದೇ ಸುತ್ತಿನಲ್ಲಿ 760ಕ್ಕೂ ಹೆಚ್ಚು ಜನರಿಗೆ ದಡಾರ ಬಂತು, ಲಸಿಕೆ ಆಗದ ಇಬ್ಬರು ಮಕ್ಕಳು ತೀರಿಹೋದರು. 2000ದಲ್ಲೇ ದಡಾರ ಹೋಯಿತು ಅಂತ ಘೋಷಿಸಿದ ದೇಶ ಅದು. ದಡಾರಕ್ಕೆ ಪಾಸ್‌ಪೋರ್ಟ್ ಗೊತ್ತಿಲ್ಲ, ನೂರರಲ್ಲಿ ಕನಿಷ್ಠ 95 ಜನಕ್ಕಾದರೂ ಲಸಿಕೆ ಆಗಿರದಿದ್ದರೆ ಅಲ್ಲಿ ನುಗ್ಗುತ್ತೆ ಅಷ್ಟೇ.

ಇಲ್ಲಿ ನಮ್ಮ ತೊಂದರೆ ಬೇರೆ. ಮಗುವಿಗೆ ಜ್ವರ ಬಂದು ಮೈ ಮೇಲೆ ಕೆಂಪು ಗಂಧೆ ಎದ್ದರೆ ಮನೆ ಹಿರಿಯರು 'ಅಮ್ಮ ಬಂದಿದೆ' ಅಂತ ಬೇವಿನ ಸೊಪ್ಪು ತರುತ್ತಾರೆ, ಒಗ್ಗರಣೆ ಹಾಕೋದು ನಿಲ್ಲಿಸುತ್ತಾರೆ. ಬೇವಿಗೆ ನನ್ನ ತಕರಾರಿಲ್ಲ. ಆದರೆ ಆಸ್ಪತ್ರೆಗೆ ಸುದ್ದಿ ಹೋಗಲ್ಲ ನೋಡಿ, ಅದು ತಪ್ಪು. ನಮ್ಮ ನೆಂಟರ ಹುಡುಗನಿಗೆ ಹೀಗೇ ಆದಾಗ ಒಂದು ಕ್ಲಿನಿಕ್ಕಿನಲ್ಲಿ ವೈರಲ್ ಅಂತ ಸಿರಪ್ ಕೊಟ್ಟು ಕಳಿಸಿದರು, ರಕ್ತ ತೆಗೆಯಲಿಲ್ಲ, ಯಾರಿಗೂ ತಿಳಿಸಲಿಲ್ಲ. ಹುಡುಗ ಹುಷಾರಾದ. ಆದರೆ ಅದು ದಡಾರವಾ, ಅದರಂತೆಯೇ ಗಂಧೆ ಏಳುವ ರುಬೆಲ್ಲಾವಾ, ಏನೂ ಅಲ್ವಾ ಅನ್ನೋದು ಯಾವ ಕಾಗದದಲ್ಲೂ ಇಲ್ಲ.

ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಒಂದು ನಿಯಮ ಇದೆ. ದಡಾರ ಅಂತ ಅನುಮಾನಪಟ್ಟು ಪರೀಕ್ಷೆ ಮಾಡಿ 'ಇದು ದಡಾರವೂ ಅಲ್ಲ, ರುಬೆಲ್ಲಾವೂ ಅಲ್ಲ' ಅಂತ ಬಿಟ್ಟ ಪ್ರಕರಣಗಳು ಲಕ್ಷ ಜನಸಂಖ್ಯೆಗೆ ವರ್ಷಕ್ಕೆ ಕನಿಷ್ಠ 2 ಇರಬೇಕು. ಅಷ್ಟು ಸಿಗದಿದ್ದರೆ ಆ ಜಿಲ್ಲೆ ಸರಿಯಾಗಿ ಹುಡುಕುತ್ತಿಲ್ಲ ಅಂತ ಅರ್ಥ. ಪೋಲಿಯೋಗೂ ಹಾಗೇ. 15 ವರ್ಷದೊಳಗಿನ ಯಾವ ಮಗುವಿಗೆ ಇದ್ದಕ್ಕಿದ್ದಂತೆ ಕೈಯೋ ಕಾಲೋ ಸೋತರೂ, ಪೋಲಿಯೋ ಅಲ್ಲ ಅಂತ ಡಾಕ್ಟರಿಗೆ ಅನ್ನಿಸಿದರೂ, ವರದಿ ಮಾಡಿ 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ ಕಳಿಸಬೇಕು. ಕಾಯಿಲೆ ಇಲ್ಲ ಅನ್ನಬೇಕಾದರೂ ಹುಡುಕಿಯೇ ಹೇಳಬೇಕು. ಹಾಗಾಗಿ ನಿಮ್ಮ ಮಗುವಿನ ಗಂಧೆಗೆ ರಕ್ತ ಕೇಳಿದರೆ ಸುಮ್ನೆ ತೊಂದರೆ ಕೊಡುತ್ತಾರೆ ಅನ್ನಬೇಡಿ.

ಸುಮಾರು ಜನ ಎರಡು ವರ್ಷ ಇಲ್ಲಿದ್ದು ಮತ್ತೆ ಅಮೆರಿಕಕ್ಕೆ ಹೋಗುವ ಯೋಚನೆಯಲ್ಲಿದ್ದೀರಿ. ನಿಮಗೆ ಅಲ್ಲಿಯ ಶಾಲೆಯಲ್ಲಿ ಪೇಚಾಟ ಆಗುವ ಜಾಗಗಳನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಸರ್ಕಾರಿ ಪಟ್ಟಿಯಲ್ಲಿ 9 ತಿಂಗಳು ತುಂಬಿದ ಮೇಲೆ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಹಾಕುತ್ತಾರೆ. ಅಮೆರಿಕದಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಹಾಕಿದ ದಡಾರ ಲಸಿಕೆ ಲೆಕ್ಕಕ್ಕೆ ಬರಲ್ಲ. ಮೇಲಾಗಿ ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆ ಇಲ್ಲ, ಅವರಿಗೆ ಮೂರೂ ಇರುವ ಎಂಎಂಆರ್ ಬೇಕು. ಪ್ರೈವೇಟಿನಲ್ಲಿ ಎಂಎಂಆರ್ ಸಿಗುತ್ತೆ, ಕೇಳಿ ಹಾಕಿಸಿ. ಬಾಯಿಗೆ ಹಾಕುವ ಪೋಲಿಯೋ ಹನಿ 2016ರ ಏಪ್ರಿಲ್ ನಂತರದ್ದಾದರೆ ಅವರು ಒಪ್ಪಲ್ಲ, ಪೋಲಿಯೋ ವೈರಸ್ಸಿನ ಮೂರು ತಳಿಗಳಲ್ಲಿ ಎರಡು ಮಾತ್ರ ಈಗ ಅದರಲ್ಲಿ ಇರೋದು. ಸಿಡುಬಿನಂಥ ಗುಳ್ಳೆ ಏಳುತ್ತಲ್ಲ, ಚಿಕನ್‌ಪಾಕ್ಸ್, ಅದರ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ, ಅಲ್ಲಿಯ ಶಾಲೆಗಳು ಕೇಳುತ್ತವೆ. ಇಲ್ಲಿ ಹುಟ್ಟಿ ಬಿಸಿಜಿ (ಟಿಬಿ ತಡೆಯುವ ಲಸಿಕೆ) ಹಾಕಿಸಿಕೊಂಡ ಮಗುವಿಗೆ ಅಲ್ಲಿ ಚರ್ಮದ ಟಿಬಿ ಪರೀಕ್ಷೆ ಮಾಡಿದರೆ ಸುಳ್ಳು ಪಾಸಿಟಿವ್ ಬರಬಹುದು, ರಕ್ತದ ಪರೀಕ್ಷೆ ಮಾಡಿ ಅಂತ ಕೇಳಿ. ಬ್ಯಾಚ್ ನಂಬರ್ ಇರುವ ಸ್ಟಿಕ್ಕರನ್ನು ಪುಸ್ತಕದಲ್ಲೇ ಅಂಟಿಸಿಕೊಳ್ಳಿ, ಡಾಕ್ಟರ ಸಹಿ ಮತ್ತು ಸೀಲು ಇರಲಿ.

ಊರಿಗೆ ಬಂದು ನೆಲೆಸುವವರು ಮೊದಲ ವಾರವೇ ಆಶಾ ಕಾರ್ಯಕರ್ತೆಯ ನಂಬರ್ ತೆಗೆದುಕೊಳ್ಳಿ. ಯಾವ ಮನೆಯಲ್ಲಿ ಕೇಳಿದರೂ ಕೊಡುತ್ತಾರೆ. ಲಸಿಕೆ ಎಲ್ಲಿ ಬೇಕಾದರೂ ಹಾಕಿಸಿ, ಹೆಸರು ಮಾತ್ರ ರಿಜಿಸ್ಟರಿನಲ್ಲಿ ಇರಲಿ. ಜ್ವರ ಸಮೀಕ್ಷೆಗೆ ಬಂದಾಗ ನಿಮ್ಮ ಮನೆಯನ್ನೂ ಕೇಳುತ್ತಾರೆ, ಅದೇ ಲಾಭ. ಅತ್ತೆ ಮಾವನಿಗೂ ಸ್ವಲ್ಪ ಹೇಳಿಡಿ, ಬಾಗಿಲಿಗೆ ಬಂದವರನ್ನು ಅಮೆರಿಕದ ಹೆಸರು ಹೇಳಿ ಕಳಿಸಬೇಡಿ ಅಂತ.

ಎಂಟು ತಿಂಗಳ ಮಗು ಇದೆ, ಜನವರಿಯಲ್ಲಿ ಸಾಗರಕ್ಕೆ ಬರುತ್ತಿದ್ದೇವೆ ಅಂತ ಬರೆದಿದ್ದ ಅಕ್ಕನಿಗೆ ಪ್ರತ್ಯೇಕವಾಗಿ ಹೇಳುತ್ತೇನೆ. ವಿದೇಶ ಪ್ರಯಾಣ ಇದ್ದರೆ 6ರಿಂದ 11 ತಿಂಗಳ ಮಗುವಿಗೂ ಅಲ್ಲಿ ಒಂದು ಎಂಎಂಆರ್ ಹಾಕುತ್ತಾರೆ. ಹೊರಡುವುದಕ್ಕೆ ಎರಡು ವಾರ ಮುಂಚೆ ಆಗಿರಬೇಕು. ಅದು ಆಮೇಲಿನ ಲೆಕ್ಕಕ್ಕೆ ಸೇರಲ್ಲ, ವರ್ಷ ತುಂಬಿದ ಮೇಲೆ ಮತ್ತೆ ಎರಡು ಬೇಕೇ ಬೇಕು. ಡಾಕ್ಟರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.