ದವಾಖಾನಿ ರೊಕ್ಕ ಖರ್ಚಾಗೇತಿ ಅಂತಾರ, ಲೆಕ್ಕ ಎಲ್ಲಿ ಕೇಳೂದು?

ಜಮಖಂಡಿ ಮಂದಿ
ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ತಿಳಿದವ್ರು ಯಾರರ ಇದ್ರ ಹೇಳ್ರಿ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಮಾತು. ಹೆಸರು ಹಾಕೂದಿಲ್ಲ, ಯಾಕಂದ್ರ ಇದು ಒಂದ ಊರಿನ ಪರಿಸ್ಥಿತಿ ಅಲ್ಲ. ಸುತ್ತಲೂ ಕಬ್ಬಿನ ಹೊಲ. ಹಾವು ಕಡಿದು ಬಂದವರನ್ನೆಲ್ಲಾ ನೋಡಿದ ಕೂಡಲೇ ಜಿಲ್ಲಾಸ್ಪತ್ರೆಗೆ ಕಳಸ್ತಾರ. ಗ್ಯಾಸಿನ ಗುಳಿಗಿ, ಮುಲಾಮು ಹೊರಗ ತಗೋರಿ ಅಂತ ಚೀಟಿ ಬರೀತಾರ. ಗ್ರಾಮಸಭೆಯೊಳಗ ಪ್ರಶ್ನೆ ಬಂದಾಗ ಕೊಟ್ಟ ಉತ್ತರ: "ಅನ್‌ಟೈಡ್ ಫಂಡ್ ಪೂರಾ ಖರ್ಚಾಗೇತಿ, ಬಳಕೆ ಪ್ರಮಾಣಪತ್ರನೂ ಮ್ಯಾಲೆ ಹೋಗೇತಿ." ಅನ್‌ಟೈಡ್ ಅಂದ್ರ ಇಂಥದಕ್ಕ ಅಂತ ಕಟ್ಟು ಹಾಕದ, ಕೇಂದ್ರದ ಸಣ್ಣಪುಟ್ಟ ಅಗತ್ಯಕ್ಕ ಕೊಡೂ ರೊಕ್ಕ. ಹಂಗಂದ್ರ ಲೆಕ್ಕ ಮುಗೀತ? ಇದನ್ನ ಕೇಂದ್ರದಾಗ ಕೇಳಬೇಕೋ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯೊಳಗೋ, ಬೆಂಗಳೂರಿನಾಗೋ?

ಲೆಕ್ಕದ ವಹಿ
ಮುಗೀಲಿಲ್ರಿ. ಬಳಕೆ ಪ್ರಮಾಣಪತ್ರ ಹೇಳೂದು ಇಷ್ಟ: ರೊಕ್ಕ ಖಾತೆಯಿಂದ ಹೋತು. ಸಾಮಾನು ಬಂತೋ ಇಲ್ಲೋ ಅನ್ನೂದಕ್ಕ ಅದರಾಗ ಜಾಗಾನ ಇಲ್ಲ.

ಮೊದಲು ಮೊತ್ತ ತಿಳ್ಕೋರಿ. ರಾಷ್ಟ್ರೀಯ ಆರೋಗ್ಯ ಅಭಿಯಾನದಾಗ ಪ್ರಾಥಮಿಕ ಕೇಂದ್ರಕ್ಕ ವರ್ಷಕ್ಕ 1.75 ಲಕ್ಷದ ತನಕ ಬರ್ತೈತಿ. ಮೊದಲು ಇದು ಮೂರು ಹೆಸರಿನಾಗ ಇತ್ತು: ಅನ್‌ಟೈಡ್ 25 ಸಾವಿರ, ವಾರ್ಷಿಕ ನಿರ್ವಹಣೆ 50 ಸಾವಿರ, ಕೇಂದ್ರದ ಉಸ್ತುವಾರಿ ನೋಡೂ ಆರೋಗ್ಯ ರಕ್ಷಾ ಸಮಿತಿಗೆ 1 ಲಕ್ಷ. ಈಗ ಒಂದ ಗಂಟು. ಸಮುದಾಯ ಆರೋಗ್ಯ ಕೇಂದ್ರಕ್ಕ 5 ಲಕ್ಷ, ಜಿಲ್ಲಾಸ್ಪತ್ರೆಗೆ 10 ಲಕ್ಷ. ಹಳ್ಳಿಯ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ಬೇರೆ 10 ಸಾವಿರ. ಇದರಾಗ ಕೇಂದ್ರ ಸರ್ಕಾರದ್ದು 60, ರಾಜ್ಯದ್ದು 40 ಪಾಲು.

ಎರಡನೇದು, ತಾರೀಖು. 2021ರ ಜುಲೈನಿಂದ ಸಿಂಗಲ್ ನೋಡಲ್ ಖಾತೆ ಪದ್ಧತಿ ಬಂದೈತಿ. ಆರೋಗ್ಯ ಕೇಂದ್ರದ ಖಾತೆಯೊಳಗ ರೊಕ್ಕ ಇರೂದಿಲ್ಲ, ಖರ್ಚಿನ ಮಿತಿ ಮಾತ್ರ ಇರ್ತೈತಿ. ಬಿಲ್ಲು ಹಾಕಿದಾಗ ಮ್ಯಾಲಿನ ಖಾತೆಯಿಂದ ನೇರ ಅಂಗಡಿಯವಗ ಹೋಗ್ತೈತಿ. ಮಾರ್ಚ್ 31ಕ್ಕ ಉಳಿದ ಮಿತಿ ಹೋದಂಗ. ಮಿತಿ ತಡಾ ಮಾಡಿ ಬಂದ್ರ ಮಾರ್ಚಿನ ಮೂರು ವಾರದಾಗ ಪರದೆ, ಬಣ್ಣ, ಕುರ್ಚಿ, ಸ್ಟೇಷನರಿ ಅಂತ ಬಿಲ್ಲು ಸಾಲುಗಟ್ಟಿ ಬೀಳ್ತಾವು. ಅದರಾಗ ಎಲ್ಲಾ ಕಳವು ಅಂತ ನಾ ಹೇಳೂದಿಲ್ಲ. ಗುಳಿಗಿ ತರಸಾಕ ದರಪಟ್ಟಿ ಕರೀಬೇಕು, ಬ್ಯಾಚ್ ನೋಡಬೇಕು. ಪರದೆ ಒಂದ ದಿನದಾಗ ಬರ್ತೈತಿ. ಹಂಗಾಗಿ ಪರದೆ ಗೆಲ್ತೈತಿ.

ಕೇಳಬೇಕಾದ್ದು ನಾಲ್ಕು ಕಾಗದ: ಆರೋಗ್ಯ ರಕ್ಷಾ ಸಮಿತಿಯ ನಡಾವಳಿ, ನಗದು ಪುಸ್ತಕ, ದರಪಟ್ಟಿ ಲಗತ್ತಿಸಿದ ಓಚರ್ (ರೊಕ್ಕ ಕೊಟ್ಟದ್ದರ ಕಾಗದ), ದಾಸ್ತಾನು ವಹಿ. ಓಚರಿನ ಬೆನ್ನಿಗೆ "ಸಾಮಗ್ರಿಗಳನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿ ದಾಸ್ತಾನು ವಹಿಯ ಪುಟ ಸಂಖ್ಯೆ ಇಷ್ಟರಲ್ಲಿ ದಾಖಲಿಸಿದೆ" ಅಂತ ಷರಾ ಇರಬೇಕು. ಪುಟದ ಅಂಕಿ ಖಾಲಿ ಬಿಟ್ಟಿದ್ರ ಅಲ್ಲೇ ನಿಲ್ರಿ. ಅಂಕಿ ಇದ್ರ ಆ ಪುಟ ತಗದು ನೋಡ್ರಿ. ಮೂರು ದರಪಟ್ಟಿ ಒಂದ ದಿನ, ಒಂದ ಅಕ್ಷರದಾಗ ಬರದಿದ್ರ ಅದೂ ಕಣ್ಣಿಗೆ ಬೀಳ್ತೈತಿ.

ಘಟಪ್ರಭಾ
ಲೆಕ್ಕದವರು ಹೇಳಿದ್ದು ಸರಿ, ಆದರೆ ಮಾತು ತಪ್ಪು ದಿಕ್ಕಿಗೆ ಹೋಗ್ತಿದೆ ಅನ್ನೋದು ನನ್ನ ತಕರಾರು. ಬಯಲುಸೀಮೆಯ ಒಂದು ಪ್ರಾಥಮಿಕ ಕೇಂದ್ರಕ್ಕೆ 30 ಸಾವಿರ ಜನಸಂಖ್ಯೆ ಅಂತ ಮಾನದಂಡ. 1.75 ಲಕ್ಷವನ್ನು ಹಂಚಿ ನೋಡಿ, ತಲೆಗೆ ವರ್ಷಕ್ಕೆ 6 ರೂಪಾಯಿಯೂ ಬೀಳೋದಿಲ್ಲ. ಆ ಆರು ರೂಪಾಯಿಗೆ ಒಬ್ಬ ವೈದ್ಯಾಧಿಕಾರಿಯನ್ನು ಊರವರೆಲ್ಲ ಸೇರಿ ಕಟಕಟೆಗೆ ನಿಲ್ಲಿಸ್ತೀವಿ. ದೊಡ್ಡ ಮೊತ್ತ ಇರೋದು ರಾಜ್ಯ ಬಜೆಟ್ಟಿನ 22ನೇ ಬೇಡಿಕೆಯಲ್ಲಿ, ಅಂದರೆ ಆರೋಗ್ಯ ಇಲಾಖೆಗೆ ಕೇಳುವ ಹಣದ ಭಾಗದಲ್ಲಿ. ಲೆಕ್ಕಶೀರ್ಷಿಕೆ 2210 ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ, 2211 ಕುಟುಂಬ ಕಲ್ಯಾಣ, 4210 ಕಟ್ಟಡ ಮತ್ತಿತರ ಬಂಡವಾಳ ವೆಚ್ಚ. ರಾಜ್ಯಗಳು 2020ರ ಹೊತ್ತಿಗೆ ತಮ್ಮ ಬಜೆಟ್ಟಿನ ಶೇ 8ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಕೊಡಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಆ ಮಾತಿಗೆ ಲೆಕ್ಕ ಕೇಳಿದವರು ಯಾರು?

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಬಿದ್ದದ್ದು ಸರ್ಕಾರಿ ಸರಬರಾಜಿನ ಐವಿ ದ್ರಾವಣದ ಮೇಲೆ. ಆ ಬಾಟಲಿಯನ್ನು ಕೊಂಡದ್ದು ಯಾವ ಹಳ್ಳಿಯ ವೈದ್ಯರೂ ಅಲ್ಲ, ರಾಜ್ಯಮಟ್ಟದ ಖರೀದಿ. ವಿಜಯಪುರದಲ್ಲಿ ಪಿಪಿಪಿ (ಖಾಸಗಿಯವರ ಜೊತೆ ಪಾಲುದಾರಿಕೆ) ಬೇಡ, ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಅಂತ 2025ರಲ್ಲಿ ಜನ ಧರಣಿ ಕೂತದ್ದೂ ಇದೇ ಪ್ರಶ್ನೆ ಇಟ್ಟುಕೊಂಡು: ಜನರ ದುಡ್ಡು, ಜನರ ಜಾಗ, ತೀರ್ಮಾನ ಯಾರದು?

ಔಷಧ ಉಗ್ರಾಣ
ಅಕ್ಕಾರ, ನಿಮ್ಮ ಮಾತು ಖರೆ. ಆದ್ರ ಬೆಂಗಳೂರಿನ ಖರೀದಿಯ ತಪ್ಪು ಹಿಡಿಯೂ ಕಾಗದ ಇರೂದು ಹಳ್ಳಿ ಕೇಂದ್ರದ ದಾಸ್ತಾನು ವಹಿಯೊಳಗ. ಹೆಂಗಂತ ಹೇಳ್ತೀನಿ.

ವರ್ಷಕ್ಕೊಮ್ಮೆ ಪ್ರತಿ ಕೇಂದ್ರ ಇಂಡೆಂಟ್ (ಬೇಕಾದ ಔಷಧದ ಬೇಡಿಕೆ ಪಟ್ಟಿ) ಕಳಸ್ತೈತಿ. ಅದನ್ನ ಕೂಡಿಸಿ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರ್ ಕರೀತೈತಿ, ಮಾಲು ಜಿಲ್ಲಾ ಉಗ್ರಾಣಕ್ಕ ಬರ್ತೈತಿ. ಇಂಡೆಂಟಿಗೆ ಆಧಾರ ಹೋದ ವರ್ಷದ ಬಳಕೆ. ಎಡವೂದು ಇಲ್ಲೇ. ಉದಾಹರಣೆಗೆ ಗ್ಯಾಸಿನ ಗುಳಿಗಿ ಎಂಟು ತಿಂಗಳು ಇತ್ತು, ನಾಲ್ಕು ತಿಂಗಳು ಇರಲಿಲ್ಲ ಅಂತ ಇಟ್ಕೋರಿ. ಎಂಟು ತಿಂಗಳಿನಾಗ ಕೊಟ್ಟದ್ದು 12,000. ವಹಿಯೊಳಗ "ವಾರ್ಷಿಕ ಬಳಕೆ 12,000" ಅಂತ ಬೀಳ್ತೈತಿ, ಮುಂದಿನ ಇಂಡೆಂಟೂ ಅಷ್ಟ. ಖರೆ ಅಗತ್ಯ ತಿಂಗಳಿಗೆ 1,500, ವರ್ಷಕ್ಕ 18,000, ಮೂರು ತಿಂಗಳ ಕಾಯ್ದಿರಿಸಿದ ದಾಸ್ತಾನು ಸೇರಿಸಿದ್ರ 22,500. ಈ ವರ್ಷದ ಕೊರತಿನ ಬರೂ ವರ್ಷದ ಕೊರತಿಗೆ ಬೀಜ ಹಾಕ್ತೈತಿ. ಸರಾಸರಿ ತಗಿಯೂವಾಗ ದಾಸ್ತಾನು ಇದ್ದ ತಿಂಗಳನ್ನ ಅಷ್ಟ ಎಣಸಬೇಕು. ಇಂಡೆಂಟಿನ ಪ್ರತಿ, ವಹಿ ಎರಡನ್ನೂ ಬಾಜೂಕ ಇಟ್ರ ತಪ್ಪು ಕೇಂದ್ರದ್ದೋ ನಿಗಮದ್ದೋ ಐದು ನಿಮಿಷದಾಗ ಗೊತ್ತಾಗ್ತೈತಿ. ಕಡಿಮಿ ಬೇಡಿದ್ರ ಕೇಂದ್ರ, ಬೇಡಿದ್ದು ಬರಲಿಲ್ಲಂದ್ರ ನಿಗಮ.

ಇನ್ನ ಹಾವಿನ ಮಾತು. ಇದನ್ನ ಜರಾ ನಿಧಾನ ಓದ್ರಿ. ಜೀವದ ಪ್ರಶ್ನೆ. ಎಲ್ಲಾರನ್ನೂ ಕಳಸಾಕ ಕಾರಣ "ಇಂಜೆಕ್ಷನ್ ಇಲ್ಲ" ಅಂತ ಎಲ್ಲಾರೂ ತಿಳ್ಕೋತಾರ. ಭಾಳ ಕಡೆ ವಿಷನಿರೋಧಕದ ವಾಯಲ್ (ಸಣ್ಣ ಬಾಟಲಿ) ಇರ್ತಾವು, ಫ್ರಿಜ್ಜಿನಾಗ ಕುಂತು ಅವಧಿ ಮುಗೀತಾವು. ಕೊಡಾಕ ಬೇಕಾದ ಸಣ್ಣ ಸಾಮಾನು ಇರೂದಿಲ್ಲ. ಕೊಳಕುಮಂಡಲ, ಗರಗಸ ಮಂಡಲ ಕಡಿದ್ರ ರಕ್ತ ಹೆಪ್ಪುಗಟ್ಟೂದಿಲ್ಲ. ಅದನ್ನ ನೋಡೂ ಪರೀಕ್ಷೆ ಹಿಂಗೈತಿ: ಈಗಷ್ಟ ತಗದ 2 ಮಿಲಿ ರಕ್ತ, ಒಣಗಿದ ಸ್ವಚ್ಛ ಗಾಜಿನ ನಳಿಗೆ, ಅಲುಗಾಡಿಸದ 20 ನಿಮಿಷ ಬಿಡೂದು, ಆಮ್ಯಾಲೆ ಒಮ್ಮೆ ಓರೆ ಮಾಡಿ ನೋಡೂದು. ರಕ್ತ ಹರಿದ್ರ ವಿಷ ಏರೇತಿ. ನಳಿಗೆ ಗಾಜಿಂದ ಆಗಬೇಕು. ಪ್ಲಾಸ್ಟಿಕ್ ನಳಿಗೆಯೊಳಗ, ಇಲ್ಲಾ ಸೋಪಿನ ಪುಡಿ ಹಚ್ಚಿ ತೊಳೆದ ನಳಿಗೆಯೊಳಗ ಆರೋಗ್ಯವಂತನ ರಕ್ತನೂ ಸರಿಯಾಗಿ ಹೆಪ್ಪುಗಟ್ಟೂದಿಲ್ಲ, ಪರೀಕ್ಷೆ ಸುಳ್ಳು ಹೇಳ್ತೈತಿ. ನಾಗರ, ಕಟ್ಟುಹಾವು ಕಡಿದ್ರ ಈ ಪರೀಕ್ಷೆಯಿಂದ ಗೊತ್ತಾಗೂದಿಲ್ಲ, ಕಣ್ಣಿನ ರೆಪ್ಪೆ ಜೋತು ಬೀಳೂದು, ನುಂಗಾಕ ತ್ರಾಸಾಗೂದು ನೋಡಬೇಕು.

ವಿಷ ಏರೇತಿ ಅಂತ ಖಾತ್ರಿ ಆದ್ರ ಮೊದಲ ಸುತ್ತಿಗೆ 8ರಿಂದ 10 ವಾಯಲ್, ಸಲೈನಿನಾಗ ಸೇರಿಸಿ ಸುಮಾರು ಒಂದು ತಾಸಿನಾಗ. ಅಲರ್ಜಿ ಆದೀತು ಅಂತ ಅಡ್ರಿನಲಿನ್ ಸಿರಿಂಜಿನಾಗ ತುಂಬಿ ಕೈಗೆ ಸಿಗೂ ಹಂಗ ಇಡಬೇಕು. ಆಕ್ಸಿಜನ್, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡೂ ಚೀಲ) ಬೇಕು. ಇವು ಇಲ್ಲದಿದ್ರ ವೈದ್ಯರಿಗೆ ಅಂಜಿಕಿ ಬರೂದು ಸಹಜ. ಹಂಗಾಗಿ 108ಕ್ಕ ಫೋನ್. ಕೊಡೂದು ತಡಾ ಆದಂಗ ಕಿಡ್ನಿಗೆ ಪೆಟ್ಟು. ಗಾಜಿನ ನಳಿಗೆ, ಅಡ್ರಿನಲಿನ್ ಇವೆರಡೂ ಅಗ್ಗದ ಸಾಮಾನು, ಅನ್‌ಟೈಡ್ ಫಂಡಿನಾಗ ಧಾರಾಳ ಬರ್ತಾವು. ಪರದೆ ಬಿಲ್ಲಿನ ಪಕ್ಕ ಈ ಬಿಲ್ಲು ಐತೋ ಇಲ್ಲೋ, ಅದನ್ನ ಕೇಳ್ರಿ.

ಗುಮ್ಮಟದೂರು
ವಿಜಯಪುರದಿಂದ. ಕೇಳುವ ವಿಧಾನ ಹೇಳ್ತೀನಿ, ಯಾಕಂದ್ರೆ ಮುಕ್ಕಾಲು ಅರ್ಜಿ ಬರೆಯೋದರಲ್ಲೇ ಸೋಲ್ತಾವೆ.

ಮಾಹಿತಿ ಹಕ್ಕು ಅಧಿನಿಯಮ 2005, ಕಲಂ 6(1), ನಮೂನೆ ಎ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅನುದಾನ, ಔಷಧ ಎರಡನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತೆ. ಎರಡು ಅರ್ಜಿ ಮಾಡಿ. "ಯಾಕೆ ಖರ್ಚು ಮಾಡಿದಿರಿ", "ಯಾಕೆ ಔಷಧ ಇಲ್ಲ" ಅಂತ ಬರೀಬೇಡಿ. ಇರುವ ದಾಖಲೆ ಕೊಡೋದಷ್ಟೇ ಅವರ ಹೊಣೆ, ಕಾರಣ ವಿವರಿಸೋದಲ್ಲ. ರೋಗಿಗಳ ಹೆಸರು ಎಲ್ಲೂ ಕೇಳಬೇಡಿ. ವೈಯಕ್ತಿಕ ಮಾಹಿತಿ ಅಂತ ಕಲಂ 8(1)(ಜೆ) ತೋರಿಸಿ ಇಡೀ ಅರ್ಜಿ ತಳ್ಳಿಬಿಡ್ತಾರೆ. ಸಂಖ್ಯೆ ಮಾತ್ರ ಕೇಳಿ.

30 ದಿನ ಕಾಯಿರಿ. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಎರಡನೇದು ಮಾಹಿತಿ ಆಯೋಗಕ್ಕೆ, ಅದಕ್ಕೆ 90 ದಿನ. ನಮ್ಮ ಭಾಗಕ್ಕೆ ಬೆಳಗಾವಿಯಲ್ಲೇ ಪೀಠ ಇದೆ. ಆದರೆ ಎರಡನೇ ಮೇಲ್ಮನವಿ ಇಷ್ಟೇ ದಿನದಲ್ಲಿ ಮುಗಿಸಬೇಕು ಅಂತ ಕಾಯ್ದೆಯಲ್ಲಿ ಗಡುವಿಲ್ಲ, ವರ್ಷಗಟ್ಟಲೆ ಎಳೀಬಹುದು. ಅದಕ್ಕೇ ನಾನು ಪ್ರತಿ ಕೇಳೋದಕ್ಕಿಂತ ಕಲಂ 2(ಜೆ) ಅಡಿ ದಾಖಲೆ ಪರಿಶೀಲನೆ ಕೇಳಿ ಅಂತೀನಿ. ಹೋಗಿ ಕೂತು ವಹಿ ತಿರುವಿ, ಬೇಕಾದ ಪುಟದ ಪ್ರತಿ ಮಾತ್ರ ಪಡೀರಿ. ಓಚರು, ದಾಸ್ತಾನು ಪುಟ ತಾಳೆ ನೋಡೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಇನ್ನೊಂದು ಮಾತು. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಅಲ್ಲಿಂದ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಡಿಎಚ್‌ಒ ಎದುರು ಕೂತು "ನಮ್ಮ ಊರ ಕೇಂದ್ರಕ್ಕೆ ಯಾಕೆ ಔಷಧ ಬಂದಿಲ್ಲ" ಅಂತ ಕೇಳುತ್ತಿದ್ದ ಸದಸ್ಯನೇ ಇಲ್ಲ. ಅಧಿಕಾರಿಯ ಲೆಕ್ಕವನ್ನು ಅಧಿಕಾರಿಯೇ ನೋಡ್ತಾನೆ. ನನಗೆ ಅತ್ಯಂತ ಸಿಟ್ಟು ತರಿಸುವ ಸಂಗತಿ ಇದು.

ಘಟಪ್ರಭಾ
ಔಷಧ ಉಗ್ರಾಣದವರ ಮಾತು ಒಪ್ಪಿದೆ. ದಾಸ್ತಾನು ವಹಿಯಿಂದಲೇ ಶುರುವಾಗಲಿ. ಆದರೆ ಅಲ್ಲಿಗೇ ನಿಲ್ಲಬಾರದು. ಬೇಡಿದ್ದು ಬಂದಿಲ್ಲ ಅಂತ ತಿಳಿದ ಮೇಲೆ ಮೂರನೇ ಅರ್ಜಿ ನಿಗಮಕ್ಕೆ ಹೋಗಬೇಕು: ಜಿಲ್ಲಾ ಉಗ್ರಾಣಕ್ಕೆ ಔಷಧವಾರು ಬೇಡಿಕೆ ಎಷ್ಟು, ಪೂರೈಕೆ ಎಷ್ಟು, ಖರೀದಿ ಆದೇಶದ ತಾರೀಖು, ಮಾಲು ಬಂದ ತಾರೀಖು, ತಡವಾದದ್ದಕ್ಕೆ ಪೂರೈಕೆದಾರನಿಗೆ ಹಾಕಿದ ದಂಡ. ದಂಡದ ಕಾಲಮ್ಮು ಖಾಲಿ ಬಂದರೆ ಅದೇ ಉತ್ತರ. ಗುಣಮಟ್ಟವಿಲ್ಲ ಅಂತ ಪ್ರಯೋಗಾಲಯ ಹೇಳಿದ ಬ್ಯಾಚನ್ನು ಯಾವ ದಿನ ತಡೆಹಿಡಿದರು, ಆ ಹೊತ್ತಿಗೆ ಎಷ್ಟು ರೋಗಿಗಳಿಗೆ ಕೊಟ್ಟಾಗಿತ್ತು, ಅದೂ ಬೇಕು. ಬಳ್ಳಾರಿಯ ಸಾವುಗಳ ನಂತರವೂ ಈ ಎರಡು ತಾರೀಖಿನ ನಡುವಿನ ಅಂತರವನ್ನು ಪ್ರತಿ ಜಿಲ್ಲೆ ಗೋಡೆಗೆ ಹಚ್ಚದಿದ್ದರೆ ನಾವು ಏನೂ ಕಲಿತಿಲ್ಲ.

ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು) ವರದಿಗಳು ಸದನದ ಮುಂದೆ ಬರ್ತವೆ, ಆಮೇಲೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗ್ತವೆ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ನಮ್ಮ ಮೂರೂ ಜಿಲ್ಲೆಯ ಶಾಸಕರು ಕೈಗೆ ಸಿಗ್ತಾರೆ. ನಿಗಮದಿಂದ ಬಂದ ಪಟ್ಟಿಯನ್ನು ಅವರ ಕೈಗಿಟ್ಟು ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವ ಪ್ರಶ್ನೆ) ಹಾಕಿಸಿ.

ಜಮಖಂಡಿ ಮಂದಿ
ಎಲ್ಲಾರಿಗೂ ನಮಸ್ಕಾರ. ಔಷಧದ ಅರ್ಜಿಯ ಕರಡು ಹಾಕೇನಿ, ತಿದ್ರಿ:

"2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರ ವರೆಗೆ (1) ಔಷಧ ದಾಸ್ತಾನು ವಹಿಯ ಪರಿಶೀಲನೆಗೆ ಅವಕಾಶ, (2) ಸಲ್ಲಿಸಿದ ವಾರ್ಷಿಕ ಇಂಡೆಂಟಿನ ದೃಢೀಕೃತ ಪ್ರತಿ, (3) ಹಾವು ಕಡಿತದ ರೋಗಿಗಳನ್ನು ಯಾಕೆ ಜಿಲ್ಲಾಸ್ಪತ್ರೆಗೆ ಕಳಿಸಲಾಗಿದೆ ಎಂಬ ವಿವರ."

ಗುಮ್ಮಟದೂರು
ಮೂರನೇದರಲ್ಲಿ "ಯಾಕೆ" ಬಂತು ನೋಡಿ. ಹೀಗೆ ಮಾಡಿ: "ಹಾವು ಕಡಿತದ ಪ್ರಕರಣಗಳ ತಿಂಗಳವಾರು ಸಂಖ್ಯೆ, ಅವುಗಳಲ್ಲಿ ಕೇಂದ್ರದಲ್ಲೇ ವಿಷನಿರೋಧಕ ಕೊಟ್ಟವು ಎಷ್ಟು, ಬೇರೆಡೆ ಕಳಿಸಿದವು ಎಷ್ಟು." 2024ರ ಫೆಬ್ರವರಿಯಲ್ಲಿ ರಾಜ್ಯ ಹಾವು ಕಡಿತವನ್ನು ಅಧಿಸೂಚಿತ ಮಾಡಿದೆ, ಅಂದರೆ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು. ಆಮೇಲೆ "ದಾಖಲೆ ಇಟ್ಟಿಲ್ಲ" ಅನ್ನೋಕೆ ಬರೋದಿಲ್ಲ.

ಔಷಧ ಉಗ್ರಾಣ
ವಿಷನಿರೋಧಕಕ್ಕ ಬ್ಯಾಚ್ ಸಂಖ್ಯೆ, ಅವಧಿ ಮುಗಿಯೂ ತಾರೀಖು, ಬಂದದ್ದು, ಕೊಟ್ಟದ್ದು, ಬೇರೆ ಕೇಂದ್ರಕ್ಕ ಕಳಿಸಿದ್ದು, ಅವಧಿ ಮುಗಿದದ್ದು ಇವನ್ನ ಬೇರೆ ಬೇರೆ ಕೇಳ್ರಿ. ಬರೇ "ದಾಸ್ತಾನು" ಅಂತ ಬರದ್ರ ಕಡೀ ಸಾಲಿನ ಉಳಿಕಿ ಅಷ್ಟ ಕೊಡ್ತಾರ.

ಲೆಕ್ಕದ ವಹಿ
ಅನುದಾನದ ಅರ್ಜಿಯೊಳಗ ತಾರೀಖು ಏಪ್ರಿಲ್ 30ರ ತನಕ ಹಾಕ್ರಿ. ಮಾರ್ಚಿನಾಗ ಬಿಲ್ಲಾದ ಸಾಮಾನು ದಾಸ್ತಾನು ವಹಿಗೆ ಏರೂದು ಏಪ್ರಿಲಿನಾಗ. ಮಾರ್ಚ್ 31ಕ್ಕ ಕಡಿದ್ರ ನಿಮಗ ಬೇಕಾದ ಪುಟಾನ ಬಿಟ್ಟು ಹೋಗ್ತೈತಿ.